ಎರಡನೆಯ ಬೆಂಕಿ

ಕಳೆದ ಮಾಗಿಯಲ್ಲಿ ನನ್ನ ಅಣ್ಣನ ಮಗ ಮಳವಳ್ಳಿ ತಾಲ್ಲೂಕಿನ ನಮ್ಮ ಊರಿಗೆ ಒಂದು ಮಿಲಿಟರಿ ಲಾರಿಯನ್ನು ತಂದು ಹಿತ್ತಲ ಹುಣಸೆಮರದ ಕೆಳಗೆ ನಿಲ್ಲಿಸಿದ. ಸೈನ್ಯದವರು ಹರಾಜು ಹಾಕಿದ ಹಳೆಯ ಸ್ಟಾಲಿಯನ್ ಲಾರಿ ಅದು. ಹಿಂದುಗಡೆ ತಗಡಿನ ಕೋಣೆ ಕಟ್ಟಿಸಿ, ಒಳಗೆ ಮರದ ಹಲಗೆ ಹೊದಿಸಿ, ಎರಡು ಮಂಚ, ಒಂದು ಅಡುಗೆ ಕಟ್ಟೆ ಮಾಡಿಸಿದ್ದ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಇಂಥ ಮಾರ್ಪಾಟಿಗೆ ಅನುಮತಿ ಬೇಕು. ಅದಕ್ಕಾಗಿ ತಿಂಗಳುಗಟ್ಟಲೆ ಓಡಾಡಿದ್ದನಂತೆ. ಊರಿನ ಹುಡುಗರೆಲ್ಲ ಸುತ್ತ ನೆರೆದರು. "ಸರ್ಕಸ್ ಕಂಪ್ನಿ ಬಂತಾ ಟೀಚರಮ್ಮಾ?" ಎಂದು ನೆರೆಮನೆಯ ಅಜ್ಜಿ ಕೇಳಿದಳು.

ಸರ್ಕಸ್ಸಲ್ಲ, ಲಡಾಖ್ ಯಾತ್ರೆ. ಹೆಂಡತಿ ಮತ್ತು ಐದು ವರ್ಷದ ಮಗಳನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯಿಸಿದ್ದ. ಚಳಿಗೆ ಡೀಸೆಲ್‌ನಿಂದ ಉರಿಯುವ ಒಂದು ಪುಟ್ಟ ಹೀಟರನ್ನು ಆಗಲೇ ಕೂರಿಸಿದ್ದ. ಲಾರಿಯ ಟ್ಯಾಂಕಿನಿಂದಲೇ ಅದಕ್ಕೆ ಎಣ್ಣೆ, ಲಾರಿಯ ಬ್ಯಾಟರಿಯಿಂದಲೇ ಅದರ ಫ್ಯಾನಿಗೆ ಕರೆಂಟು. "ಅತ್ತೆ, ಇದು ಕೆಟ್ಟುಹೋದ್ರೆ ಅಂತ ಇನ್ನೊಂದು ಇಟ್ಕೋಬೇಕು. ಯಾವುದು ಇಡ್ಲಿ?" ಎಂದು ಕೇಳಿದ. ಮದ್ದೂರಿನಲ್ಲಿ ಮಕ್ಕಳಿಗೆ ಚರಿತ್ರೆ ಹೇಳಿಕೊಡುವವಳಿಗೆ ಕೇಳುವ ಪ್ರಶ್ನೆಯೇ ಇದು ಎಂದು ಮೊದಲು ನಗು ಬಂತು. ಆದರೆ ಯೋಚಿಸಿದಷ್ಟೂ ಇದಕ್ಕೆ ಉತ್ತರ ಚರಿತ್ರೆಯಲ್ಲೇ ಇದೆ ಎನಿಸತೊಡಗಿತು.

ನಮ್ಮ ತಾಲ್ಲೂಕಿನದೇ ಕಥೆ ನೋಡಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ತು ತೆಗೆದು, ಸುಮಾರು ನೂರೈವತ್ತು ಕಿಲೋಮೀಟರು ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ಕಳುಹಿಸಿದರು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಗಣಿಯ ಯಂತ್ರಗಳಿಗೆ ಶಕ್ತಿ ಸಾಲದು. ಇನ್ನಷ್ಟು ಯಂತ್ರಗಳನ್ನು ಅಲ್ಲೇ ಸಾಲಾಗಿ ನಿಲ್ಲಿಸಿದ್ದರೆ ಏನಾಗುತ್ತಿತ್ತು? ಎಲ್ಲವೂ ಅದೇ ಬತ್ತಿದ ಹೊಳೆಯನ್ನೇ ನೋಡುತ್ತ ನಿಲ್ಲುತ್ತಿದ್ದವು. ಕೊರತೆ ಇದ್ದದ್ದು ಯಂತ್ರದಲ್ಲಲ್ಲ, ನೀರಿನಲ್ಲಿ. ಅದನ್ನು ಕಂಡುಕೊಂಡೇ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1911ರಲ್ಲಿ, ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಆ ಕಟ್ಟೆಯ ಉದ್ದೇಶಗಳಲ್ಲಿ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಒಂದು. ಮುಂದೆ ಅದರ ನಾಲೆಯಿಂದ ಮಂಡ್ಯದ ಹೊಲ ಗದ್ದೆಯಾಯಿತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಮೊದಲನೆಯದು ಯಾವುದರ ಮೇಲೆ ನಿಂತಿದೆಯೋ ಅದು ಕುಸಿದರೂ ಎರಡನೆಯದು ನಿಲ್ಲಬೇಕು. ಈ ಮಾತನ್ನು ಅವನಿಗೆ ಹೇಳಿ, "ನಿನ್ನ ಹೀಟರು ಯಾವುದರ ಮೇಲೆ ನಿಂತಿದೆ ಹೇಳು" ಎಂದೆ. ಡೀಸೆಲ್ಲು, ಬ್ಯಾಟರಿ ಎರಡನ್ನೂ ಅವನೇ ಬೆರಳು ಮಡಿಸಿ ಎಣಿಸಿದ.

ಹಾಗಿದ್ದ ಮೇಲೆ ಬ್ಯಾಟರಿಯಿಂದ ನಡೆಯುವ ಇನ್ನೊಂದು ಬಿಸಿಗಾಳಿ ಯಂತ್ರ ಇಟ್ಟುಕೊಂಡರೆ ಪ್ರಯೋಜನವಿಲ್ಲ. ಚಳಿಗೆ ಬ್ಯಾಟರಿಯೇ ಸೋತರೆ ಎರಡೂ ಒಟ್ಟಿಗೆ ಸಾಯುತ್ತವೆ. ಡೀಸೆಲ್‌ಗೂ ಅಲ್ಲಿ ಕಷ್ಟವಿದೆ. ಸಾಧಾರಣ ಡೀಸೆಲ್ ಕಡುಚಳಿಗೆ ಮೇಣದಂತೆ ಗಟ್ಟಿಯಾಗುತ್ತದೆ. ಲಡಾಖಿಗೆಂದೇ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಕಂಪನಿ ತಂದದ್ದು 2019ರಲ್ಲಿ. ಜೊತೆಗೆ ಲೇಹ್‌ನಂಥ ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ನಮ್ಮ ಬಯಲಿನ ಮೂರನೇ ಎರಡು ಪಾಲಷ್ಟೇ. ಕೆಳಗಿನ ಗಾಳಿಗೆ ಹೊಂದಿಸಿದ ಹೀಟರು ಅಲ್ಲಿ ಎಣ್ಣೆಯನ್ನು ಪೂರ್ತಿ ಸುಡಲಾರದೆ ಮಸಿ ಕಟ್ಟಿಕೊಳ್ಳುತ್ತದೆ. ಎಲ್ಲಿ ಬೇಕೋ ಅಲ್ಲೇ ಕೈಕೊಡುವ ಸಂಭವ ಹೆಚ್ಚು.

"ಹಾಗಾದ್ರೆ ಗ್ಯಾಸ್ ಸಿಲಿಂಡರ್?" ಎಂದ. ಮನೆಯ ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗಲು ಒಲ್ಲದೆ ದ್ರವವಾಗಿಯೇ ಕುಳಿತುಬಿಡುತ್ತದೆ. ಸಿಲಿಂಡರು ಕೈಗೆ ಭಾರವಾಗಿದ್ದರೂ ಒಲೆಗೆ ಖಾಲಿ. ಅದೂ ಬೇಡವಾಯಿತು.

ಆಗ ಅವನು ಲಾರಿಯೊಳಗಿಂದ ಒಂದು ಕಬ್ಬಿಣದ ಬೋಗುಣಿ ತಂದು ತೋರಿಸಿದ. ಇದ್ದಿಲು ತುಂಬುವ ಅಗ್ಗಿಷ್ಟಿಕೆ. "ಇದಕ್ಕೆ ಕರೆಂಟೂ ಬೇಡ, ಡೀಸೆಲ್ಲೂ ಬೇಡ. ನೀವು ಹೇಳಿದ ಹಾಗೇ ಬೇರೆ ಕಾಲಿನ ಮೇಲೆ ನಿಂತಿದೆ ಅಲ್ವಾ ಅತ್ತೆ?"

ನನ್ನ ಕೈಕಾಲು ತಣ್ಣಗಾದವು. ಅವನ ಅಪ್ಪ, ನನ್ನ ಅಣ್ಣ, ಅವನಿಗೆ ಹೇಳದೇ ಹೋದ ಒಂದು ಸಂಗತಿ ನನ್ನೊಬ್ಬಳ ಬಳಿ ಇತ್ತು.

ಅಣ್ಣ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದ. ಅವನ ಕಾಲದಲ್ಲಿ ಶಕ್ತಿಮಾನ್ ಲಾರಿ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು 1959ರಿಂದ ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಗಾಡಿ. ಹೆಸರಿನ ಕೊನೆಯಲ್ಲೇ ಆ ಕಂಪನಿ ಕೂತಿದೆ ಎಂದು ಅಣ್ಣ ನಗುತ್ತಿದ್ದ. 1962ರ ಯುದ್ಧದಲ್ಲಿ ಬಯಲುನಾಡಿನ ಎಷ್ಟೋ ಸೈನಿಕರು ಹತ್ತಿಯ ಸಮವಸ್ತ್ರದಲ್ಲೇ ಹಿಮಕ್ಕೆ ಏರಿ ನರಳಿದ್ದನ್ನು ದೇಶ ಕಂಡಿತ್ತು. ಅಣ್ಣ ಹೋಗುವ ಹೊತ್ತಿಗೆ ಬೆಚ್ಚನೆಯ ಬಟ್ಟೆ ಇತ್ತು, ಠಾಣ್ಯಗಳಲ್ಲಿ ಬುಖಾರಿ ಇತ್ತು. ಬುಖಾರಿಯೆಂದರೆ ಸೀಮೆಎಣ್ಣೆಯೋ ಸೌದೆಯೋ ಹಾಕಿ ಉರಿಸುವ ತಗಡಿನ ಒಲೆ. ಹೊಗೆ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಆದರೆ ದಾರಿಯಲ್ಲಿ ನಿಂತ ಲಾರಿಗೆ ಬುಖಾರಿ ಎಲ್ಲಿಯದು?

1984ರ ಅಕ್ಟೋಬರ್ ಕೊನೆಯಲ್ಲಿ ದ್ರಾಸ್ ಬಳಿ ಮೊದಲ ಹಿಮ ಬಿದ್ದು ಅವರ ಲಾರಿಗಳ ಸಾಲು ನಿಂತುಬಿಟ್ಟಿತು. ಹಿಂದಿನ ಲಾರಿಯ ಇಬ್ಬರು ಹುಡುಗರು ಕೆಂಡ ತುಂಬಿದ ಬೋಗುಣಿಯನ್ನು ಕ್ಯಾಬಿನ್ನಿನೊಳಗೆ ಇಟ್ಟುಕೊಂಡು, ಗಾಜು ಏರಿಸಿ ಮಲಗಿದರು. ಬೆಳಿಗ್ಗೆ ಅಣ್ಣನೇ ಹೋಗಿ ಬಾಗಿಲು ತಟ್ಟಿದ್ದು. ಒಬ್ಬನನ್ನು ಎಳೆದು ಹೊರಗೆ ಹಾಕಿದಾಗ ಉಸಿರು ಬಂತು. ಇನ್ನೊಬ್ಬನಿಗೆ ಬರಲಿಲ್ಲ. "ಗಾಯ ಇಲ್ಲ, ಗುಂಡಿಲ್ಲ, ಮುಖ ಕೆಂಪಗಿತ್ತು ಕಣವ್ವ. ನಿದ್ದೆ ಮಾಡ್ತಾವ್ನೆ ಅಂತ್ಲೇ ಅನ್ಕಂಡೆ" ಎಂದು ಅಣ್ಣ ಒಮ್ಮೆ, ಒಂದೇ ಒಮ್ಮೆ, ನನ್ನೆದುರು ಹೇಳಿದ್ದ. ನಾನು ಅದನ್ನು ಅಂದು ಅವನ ಮಗನಿಗೆ ಹೇಳಿದೆ. ಅಪ್ಪ ಸಾಯುವವರೆಗೂ ಮಾಗಿಯಲ್ಲೂ ಕಿಟಕಿ ತೆರೆದೇ ಮಲಗುತ್ತಿದ್ದುದು ಏಕೆಂದು ಹುಡುಗನಿಗೆ ಆಗ ತಿಳಿಯಿತು. ಬೋಗುಣಿಯನ್ನು ಸದ್ದಿಲ್ಲದೆ ನೆಲಕ್ಕಿಟ್ಟ.

ಇದ್ದಿಲು ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದೆ ನಮ್ಮ ದೇಶದಲ್ಲಿ ಬಸ್ಸುಗಳನ್ನು ಇದ್ದಿಲ ಗ್ಯಾಸಿನಿಂದ ಓಡಿಸಿದರು. ಬೆನ್ನಿಗೆ ಒಲೆ ಕಟ್ಟಿಕೊಂಡ ಆ ಬಸ್ಸು ದಿಬ್ಬ ಬಂದರೆ ಏದುಸಿರು ಬಿಡುತ್ತಿತ್ತೆಂದೂ, ಜನ ಇಳಿದು ತಳ್ಳುತ್ತಿದ್ದರೆಂದೂ ನಮ್ಮ ತಂದೆ ಹೇಳುತ್ತಿದ್ದರು. ಆ ಬಸ್ಸನ್ನು ಎಳೆಯುತ್ತಿದ್ದ ಗ್ಯಾಸಿನಲ್ಲಿ ಮುಖ್ಯವಾಗಿ ಉರಿಯುತ್ತಿದ್ದುದು ಇದೇ ಕಾರ್ಬನ್ ಮಾನಾಕ್ಸೈಡು. ಬಸ್ಸಿನ ಹೊರಗಿದ್ದರೆ ಕೂಲಿಯಾಳು, ಮಲಗುವ ಕೋಣೆಯೊಳಗೆ ಬಂದರೆ ಯಮ.

ನಮ್ಮ ಹೆಂಗಸರಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಆದರೂ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ತರುವಾಗ ನನ್ನ ಅಜ್ಜಿ ಕೆಂಡವನ್ನು ಅಂಗಳದಲ್ಲೇ ನಿಗಿನಿಗಿ ಮಾಡಿ, ಹೊಗೆ ಕಳೆದು ತರುತ್ತಿದ್ದಳು. ಮೇಲಿನ ಬೆಳಕಿಂಡಿ ಮುಚ್ಚಲು ಬಿಡುತ್ತಿರಲಿಲ್ಲ, ರಾತ್ರಿ ಎಲ್ಲರೂ ಮಲಗುವ ಮುಂಚೆ ಹೊರಗಿಡುತ್ತಿದ್ದಳು. "ಬೆಂಕಿಗೂ ಉಸ್ರು ಬೇಕು, ಮಗೀಗೂ ಉಸ್ರು ಬೇಕು. ಮುಚ್ಚಿದ್ ಗೂಡಲ್ಲಿ ಇಬ್ರಿಗೂ ಸಾಲಕಿಲ್ಲ" ಎನ್ನುತ್ತಿದ್ದಳು. ಸೈನ್ಯಕ್ಕೂ ಈ ಚಿಂತೆ ಇಂದಿಗೂ ಹೊಸದಲ್ಲ. ಸೀಮೆಎಣ್ಣೆ ಉಳಿಸುವ, ವಿಷಾನಿಲ ಬಿಡದ 'ಹಿಮ ತಾಪಕ' ಎಂಬ ಹೊಸ ಬುಖಾರಿಯನ್ನು ರಕ್ಷಣಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಸುದ್ದಿ 2021ರಲ್ಲಿ ಬಂತು.

ಕೊನೆಗೆ ನಾವು ಆರಿಸಿದ್ದು ಸಣ್ಣದೊಂದು ಸೌದೆ ಬುಖಾರಿಯನ್ನು. ಬಚ್ಚಲ ಹಂಡೆ ಒಲೆ, ಹೊಗೆಕೊಳವೆ ಮಾಡುವ ಮಂಡ್ಯದ ವೆಲ್ಡಿಂಗ್ ಅಂಗಡಿಯವನು ದಪ್ಪ ತಗಡಿನಲ್ಲಿ ಮಾಡಿಕೊಟ್ಟ. ಕೊಳವೆ ಚಾವಣಿ ದಾಟುವಲ್ಲಿ ಮರಕ್ಕೆ ಬಿಸಿ ತಾಗದಂತೆ ಇಮ್ಮಡಿ ತಗಡಿನ ಬಳೆ. ಒಲೆಗೆ ಗಾಳಿ ಬರಲು ಕೆಳಗೆ ತೂತು. ಕೆಟ್ಟ ಗಾಳಿ ಹೋಗಲು ಮೇಲೆ ಮುಚ್ಚಲಾಗದ ಕಿಂಡಿ. ಲಡಾಖಿನಲ್ಲಿ ಮರ ಅಪರೂಪವಾದ್ದರಿಂದ ಮದ್ದೂರಿನ ಕಾಯಿ ವ್ಯಾಪಾರಿಯಿಂದ ಎರಡು ಮೂಟೆ ತೆಂಗಿನ ಚಿಪ್ಪು ಕೊಡಿಸಿದೆ. ವಿಷಾನಿಲ ಬಂದರೆ ಕೂಗುವ ಒಂದು ಗಂಟೆಯನ್ನೂ ಅವನು ತಾನಾಗಿಯೇ ತಂದ. ನನ್ನ ಷರತ್ತು ಒಂದೇ: ಬೆಂಕಿ ಎಚ್ಚರವಿದ್ದವರಿಗೆ, ಮಲಗುವವರಿಗೆ ರಜಾಯಿ. ಒಲೆ ಪೂರ್ತಿ ಆರಿ, ಬೂದಿಯನ್ನು ಹೊರಗೆ ಹಾಕಿದ ಮೇಲೆಯೇ ಮಲಗಬೇಕು.

ಹೊರಡುವ ಹಿಂದಿನ ರಾತ್ರಿ ಹುಣಸೆಮರದ ಕೆಳಗೆ ಒಲೆ ಹಚ್ಚಿ ನೋಡಿದೆವು. ನಮ್ಮ ಊರಿನ ಚಳಿಗೆ ಅದು ಹೆಚ್ಚೇ ಆಯಿತು. ಮಗು ಬೆವರಿ ಸ್ವೆಟರ್ ಬಿಚ್ಚಿ ಎಸೆದಳು. ಅವಳ ಅಪ್ಪ ಎದ್ದು ಮೇಲಿನ ಕಿಂಡಿಗೆ ಅಂಗೈ ಹಿಡಿದು ಗಾಳಿ ಹೋಗುತ್ತಿದೆಯೇ ಎಂದು ನೋಡಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದ. ಅಣ್ಣನೂ ರಾತ್ರಿ ಹೀಗೆಯೇ ಎದ್ದು ಕಿಟಕಿಯನ್ನು ಮುಟ್ಟಿ ನೋಡುತ್ತಿದ್ದ.