ಹೊರಗಿನವರ ಕಣ್ಣಿನಲ್ಲಿ ಗೌರಸಮುದ್ರ ಸೀಮೆ: ಕನ್ನಡ ನಾಡಿನೊಳಗಿನ ತೆಲುಗು ಮನೆಮಾತು

೧

ಒಂದು ದೊಡ್ಡ ಭಾಷಾಸಮುದಾಯದ ನಡುವೆ ಬೇರೊಂದು ಮನೆಮಾತನ್ನು ಉಳಿಸಿಕೊಂಡು ಬಂದ ಪ್ರದೇಶಗಳನ್ನು ಹೊರಗಿನವರು ನೋಡುವ ಬಗೆ ಚರಿತ್ರೆಯಲ್ಲಿ ಅನೇಕ ಸಲ ಒಂದೇ ತೆರನಾಗಿ ಕಾಣಿಸಿಕೊಂಡಿದೆ. ಇದಕ್ಕೆ ಪ್ರಸಿದ್ಧ ನಿದರ್ಶನ ಕೆನಡಾ ದೇಶದ ಕ್ವೆಬೆಕ್. ೧೮೩೭ರ ದಂಗೆಯ ಮಾರನೆಯ ವರ್ಷ ಬ್ರಿಟಿಷ್ ಸರ್ಕಾರ ಅಲ್ಲಿಗೆ ಕಳುಹಿಸಿದ ಲಾರ್ಡ್ ಡರ್ಹಾಮ್ ಕೆಲವೇ ತಿಂಗಳು ಅಲ್ಲಿದ್ದು, ೧೮೩೯ರಲ್ಲಿ ತನ್ನ ವರದಿಯನ್ನು ಒಪ್ಪಿಸಿದನು. ಫ್ರೆಂಚ್ ನುಡಿಯುವ ಆ ಜನಕ್ಕೆ ಚರಿತ್ರೆಯೂ ಇಲ್ಲ, ಸಾಹಿತ್ಯವೂ ಇಲ್ಲ ಎಂಬುದು ಅವನ ತೀರ್ಮಾನವಾಗಿತ್ತು. ಅವರನ್ನು ಇಂಗ್ಲಿಷ್ ಬಹುಸಂಖ್ಯೆಯಲ್ಲಿ ಕರಗಿಸುವುದೇ ಪರಿಹಾರವೆಂದು ಅವನು ಸೂಚಿಸಿದನು. ೧೮೪೫ರಿಂದ ಪ್ರಕಟವಾಗತೊಡಗಿದ ಫ್ರಾಂಸ್ವಾ-ಕ್ಸಾವಿಯೆ ಗಾರ್ನೊನ ಕೆನಡಾ ಚರಿತ್ರೆಯನ್ನು ಈ ಮಾತಿಗೆ ಆ ಜನ ನೀಡಿದ ಉತ್ತರವೆಂದೇ ಪರಿಗಣಿಸಲಾಗಿದೆ.

ಕರ್ನಾಟಕದ ಚರಿತ್ರೆಯಲ್ಲಿ ಇದಕ್ಕೆ ಸಮೀಪವಾದ ಸನ್ನಿವೇಶವೊಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ಸೀಮೆಯಲ್ಲಿದೆ. ಇಲ್ಲಿನ ಹಲವು ಹಟ್ಟಿಗಳಲ್ಲಿ, ಮುಖ್ಯವಾಗಿ ಮ್ಯಾಸಬೇಡ ಅಥವಾ ಮ್ಯಾಸನಾಯಕ ಸಮುದಾಯದ ಮನೆಗಳಲ್ಲಿ, ಆಡುವ ಮಾತು ತೆಲುಗು. ಸಂತೆ, ಶಾಲೆ, ಕಚೇರಿಗಳ ಭಾಷೆ ಕನ್ನಡ. ಈ ಜನರನ್ನು ಎರಡು ಶತಮಾನಗಳ ಅವಧಿಯಲ್ಲಿ ಹೊರಗಿನವರು ಹೇಗೆ ಕಂಡರು, ಆ ಕಾಣ್ಕೆಯಲ್ಲಿ ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಚಳ್ಳಕೆರೆ ಮತ್ತು ಮೊಳಕಾಲ್ಮುರು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರುತ್ತವೆ. ಇಂಥ ಬರಡು ನೆಲದಲ್ಲಿ ಗೌರಸಮುದ್ರ, ದೇವಸಮುದ್ರ ಎಂಬ ಊರ ಹೆಸರುಗಳು ಕೇಳಿಬರುವುದು ಗಮನಾರ್ಹ. ಇಲ್ಲಿ ಸಮುದ್ರವೆಂದರೆ ಕೆರೆ. ನೀರು ಅಪರೂಪವಾದ ಕಡೆ ಕೆರೆಗೆ ಸಂದ ಗೌರವ ಆ ಹೆಸರಿನಲ್ಲಿದೆ. ಸೀಮೆಯ ಮೂಲಕ ಹರಿಯುವ ವೇದಾವತಿ ನದಿ ಬಳ್ಳಾರಿಯ ಕಡೆಗೆ ಸಾಗಿದಂತೆ ಹಗರಿಯಾಗುತ್ತದೆ. ಒಂದೇ ಹೊಳೆಗೆ ಎರಡು ಹೆಸರಿರುವುದು ಇಲ್ಲಿನ ಜನಕ್ಕೆ ವಿಚಿತ್ರವಾಗಿ ತೋರಿಲ್ಲ.

ಭಾಷೆಗಳ ಬೆರಕೆಯೂ ಇಲ್ಲಿ ಇತ್ತೀಚಿನದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಹೊರಟ ಈ ಆಜ್ಞೆಗಳ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೆ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯನ್ನು ಹೇಳುವ ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಈ ಸೀಮೆಯ ಅತ್ಯಂತ ಹಳೆಯ ಬರಹವೇ ಆಡಳಿತದ ನುಡಿ ಒಂದು, ಬರೆಯುವವನ ಅಭ್ಯಾಸ ಇನ್ನೊಂದು ಎಂಬ ಸ್ಥಿತಿಗೆ ಸಾಕ್ಷಿಯಾಗಿದೆ.

ಬೇಡ ಸಮುದಾಯದಲ್ಲಿ ಊರಬೇಡರು, ಮ್ಯಾಸಬೇಡರು ಎಂಬ ಎರಡು ವಿಭಾಗಗಳನ್ನು ಗುರುತಿಸಲಾಗುತ್ತದೆ. ಊರುಗಳಲ್ಲಿ ನೆಲೆಸಿ ಬೇಸಾಯ ಮಾಡಿದವರು ಮೊದಲಿನವರು. ಅಡವಿ ಮತ್ತು ಹುಲ್ಲುಗಾವಲಿನ ನಂಟನ್ನು ಬಿಡದವರು ಎರಡನೆಯವರು. ಮ್ಯಾಸಬೇಡರ ಬದುಕಿನ ಕೇಂದ್ರದಲ್ಲಿ ದನಕರುಗಳಿವೆ. ದೇವರ ಹೆಸರಿನಲ್ಲಿ ಬಿಟ್ಟ ಎತ್ತುಗಳನ್ನು ಉಳುಮೆಗೆ ಹೂಡದೆ, ಮಾರದೆ ಸಾಕುವುದು ಅವರ ಸಂಪ್ರದಾಯ. ಅವುಗಳನ್ನು ಕಾಯುವ ಕಿಲಾರಿಗೆ ಸಮುದಾಯದಲ್ಲಿ ವಿಶೇಷ ಸ್ಥಾನವಿದೆ. ನ್ಯಾಯ, ಕಟ್ಟಳೆಗಳ ವಿಷಯದಲ್ಲಿ ಕಟ್ಟೆಮನೆಗಳ ಮಾತು ನಡೆದುಬಂದಿದೆ. ಗಾದ್ರಿಪಾಲನಾಯಕ, ಜಗಳೂರು ಪಾಪನಾಯಕ ಮುಂತಾದ ಸಾಂಸ್ಕೃತಿಕ ವೀರರ ಕಥನಗಳು ಈ ಬದುಕಿನ ಚರಿತ್ರೆಯನ್ನು ಹೊತ್ತುಕೊಂಡಿವೆ.

೩

ಈ ಜನರ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಮೊದಲಿಗರಲ್ಲಿ ಮಾರ್ಕ್ ವಿಲ್ಕ್ಸ್ ಮುಖ್ಯನು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಅವನ ದಕ್ಷಿಣ ಭಾರತ ಚರಿತ್ರೆಯ ಸಂಪುಟಗಳು ೧೮೧೦ರಿಂದ ೧೮೧೭ರ ಅವಧಿಯಲ್ಲಿ ಹೊರಬಂದವು. ಹೈದರನ ಸೇನೆ ಚಿತ್ರದುರ್ಗವನ್ನು ಮುತ್ತಿದ್ದಾಗ ಬೇಡರು ಕೋಟೆಯಿಂದ ಹೊರಬಿದ್ದು ಶತ್ರುಗಳ ತಲೆಗಳನ್ನು ತಂದು ಕಾಳಿಯ ಮುಂದೆ ಸಾಲಾಗಿ ಜೋಡಿಸುತ್ತಿದ್ದರೆಂಬ ವರ್ಣನೆ ಅವನ ಗ್ರಂಥದಿಂದ ಮುಂದಿನ ಬರಹಗಳಿಗೆ ಹರಿದುಬಂದಿತು. ವಿಲ್ಕ್ಸ್ ಸೇನಾಧಿಕಾರಿ. ಅವನಿಗೆ ಬೇಡನೆಂದರೆ ಕೋಟೆಯ ಗೋಡೆಯಾಚೆಯ ಎದುರಾಳಿ. ೧೭೭೯ರಲ್ಲಿ ದುರ್ಗ ಬಿದ್ದ ಮೇಲೆ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು, ಅವರ ಹುಡುಗರಿಂದ ಚೇಲಾ ಪಡೆಗಳನ್ನು ಕಟ್ಟಿದ್ದು ಸಹ ಈ ಬರಹಗಳಲ್ಲಿ ದಾಖಲಾಗಿದೆ. ಆದರೆ ನೆಲೆ ಕಳೆದುಕೊಂಡವರ ಅಳಲಿಗಿಂತ ಸೇನೆಯ ಸಂಘಟನೆಗೆ ಅಲ್ಲಿ ಹೆಚ್ಚಿನ ಮಹತ್ವ ದೊರೆಯಿತು. ದುರ್ಗದ ಹೋರಾಟದಲ್ಲಿ ಕಂಡ ರೌದ್ರ ಕಾಲಕ್ರಮದಲ್ಲಿ ಸಮುದಾಯದ ಸ್ವಭಾವವೆಂಬಂತೆ ನಿಂತುಬಿಟ್ಟಿತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸೈನಿಕನ ಜಾಗಕ್ಕೆ ಗೆಜೆಟಿಯರುಕಾರ ಮತ್ತು ಜನಗಣತಿಯ ಅಧಿಕಾರಿ ಬಂದರು. ರೈಸ್ ಅವರ ಮೈಸೂರು ಗೆಜೆಟಿಯರಿನ ಪರಿಷ್ಕೃತ ಆವೃತ್ತಿ ೧೮೯೭ರದು. ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಏಳು ಸಂಪುಟಗಳು ೧೯೦೯ರವು. ಮೈಸೂರಿನ ಜನಗಣತಿ ವರದಿಗಳೂ ಈ ಗ್ರಂಥಗಳೂ ಮ್ಯಾಸಬೇಡರ ಕೆಲವು ಆಚರಣೆಗಳನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತವೆ. ಅವರು ಹೆಂಡ ಮುಟ್ಟುವುದಿಲ್ಲ, ಕೋಳಿ ತಿನ್ನುವುದಿಲ್ಲ, ಗಂಡುಮಕ್ಕಳಿಗೆ ಸುನ್ನತಿಯಂತಹ ಸಂಸ್ಕಾರ ಮಾಡುತ್ತಾರೆ ಎಂಬವೇ ಆ ವಿವರಗಳು. ವಿವರಗಳು ಬೆಲೆಯುಳ್ಳವು, ಇಂದಿನ ಸಂಶೋಧಕರಿಗೂ ಆಕರಗಳು. ಆದರೆ ಆಯ್ಕೆಯ ಹಿಂದಿನ ದೃಷ್ಟಿಯನ್ನು ಗಮನಿಸಬೇಕು. ನೆರೆಯವರಿಗಿಂತ ಭಿನ್ನವಾದದ್ದು ಮಾತ್ರ ಬರೆಯಲು ಯೋಗ್ಯವೆಂಬ ಭಾವನೆ ಅಲ್ಲಿ ಕೆಲಸ ಮಾಡಿದೆ. ವಿಚಿತ್ರವೆನಿಸಿದ ಆಚರಣೆ ಎದ್ದು ಕಾಣುವಷ್ಟು, ದನಗಳನ್ನು ಸಾಕಿದ ಕ್ರಮವಾಗಲಿ, ಕಟ್ಟೆಮನೆಯ ವ್ಯವಸ್ಥೆಯಾಗಲಿ, ಎರಡು ಭಾಷೆಗಳನ್ನು ಬಳಸುವ ಬಗೆಯಾಗಲಿ ಎದ್ದು ಕಾಣುವುದಿಲ್ಲ.

ಭಾಷೆಯ ವಿಷಯದಲ್ಲಂತೂ ಕೊರತೆ ಇನ್ನೂ ದೊಡ್ಡದು. ಜಾರ್ಜ್ ಗ್ರಿಯರ್ಸನ್ ನೇತೃತ್ವದ ಭಾರತೀಯ ಭಾಷಾ ಸಮೀಕ್ಷೆ ದೇಶದ ನುಡಿಗಳ ಮಾದರಿಗಳನ್ನು ಸಂಗ್ರಹಿಸಿದ ಬೃಹತ್ ಯೋಜನೆ. ಮದರಾಸು ಪ್ರಾಂತ, ಹೈದರಾಬಾದು ಮತ್ತು ಮೈಸೂರು ಸಂಸ್ಥಾನಗಳು ಅದರ ವ್ಯಾಪ್ತಿಯಿಂದ ಹೊರಗುಳಿದವು. ಇದರಿಂದಾಗಿ ದ್ರಾವಿಡ ಭಾಷೆಗಳ ಸಂಪುಟ ೧೯೦೬ರಲ್ಲಿ ಪ್ರಕಟವಾದರೂ ಚಳ್ಳಕೆರೆಯ ಹಟ್ಟಿಗಳ ತೆಲುಗು ಅದರಲ್ಲಿ ಸೇರಲಿಲ್ಲ. ಜನಗಣತಿ ಆ ನುಡಿಯನ್ನು ಎಣಿಸಿತೇ ಹೊರತು ಅದರ ಸ್ವರೂಪವನ್ನು ಕೇಳಲಿಲ್ಲ. ಮಾತೃಭಾಷೆಯ ಅಂಕಣದಲ್ಲಿ ಒಂದೇ ಹೆಸರಿಗೆ ಸ್ಥಳವಿದ್ದುದರಿಂದ, ಬೆಳಗಿನಿಂದ ಸಂಜೆಯವರೆಗೆ ಎರಡು ಭಾಷೆಗಳಲ್ಲಿ ಬದುಕುವವನೂ ಕಾಗದದ ಮೇಲೆ ಒಂದು ಭಾಷೆಯವನಾದನು.

೪

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ಅಂಕಣಕ್ಕೆ ಹೊಸ ಶಕ್ತಿ ಬಂದಿತು. ಭಾಷೆಯ ಆಧಾರದ ಮೇಲೆ ರಾಜ್ಯಗಳನ್ನು ರಚಿಸುವ ಬೇಡಿಕೆ ಗೆದ್ದ ಕಾಲವದು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯ ಉದಯಿಸಿತು. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ಉಳಿದ ಏಳು ಮೈಸೂರಿಗೆ ಬಂದವು; ಅವುಗಳಲ್ಲಿ ಬಳ್ಳಾರಿ ತಾಲ್ಲೂಕಿನ ಪ್ರಶ್ನೆ ಮಿಶ್ರಾ ಆಯೋಗದ ವಿಚಾರಣೆಗೂ ಒಳಗಾಯಿತು. ೧೯೫೫ರಲ್ಲಿ ವರದಿ ಸಲ್ಲಿಸಿದ ಫಜಲ್ ಅಲಿ ಆಯೋಗ ಬಳ್ಳಾರಿ ಜಿಲ್ಲೆಯ ಒಂದು ಭಾಗವನ್ನು ಆಂಧ್ರಕ್ಕೆ ವರ್ಗಾಯಿಸಲು ಶಿಫಾರಸು ಮಾಡಿತಾದರೂ ಅದು ಜಾರಿಗೆ ಬರಲಿಲ್ಲ. ಶೇಕಡ ೭೦ರಷ್ಟು ಜನ ಒಂದೇ ಭಾಷೆಯವರಾಗಿದ್ದರೆ ರಾಜ್ಯವನ್ನು ಏಕಭಾಷಿಕವೆಂದು ಎಣಿಸಬಹುದೆಂಬುದು ಅದೇ ಆಯೋಗದ ಮಾತು.

ಚಳ್ಳಕೆರೆ, ಮೊಳಕಾಲ್ಮುರು ಮೊದಲಿನಿಂದಲೂ ಮೈಸೂರು ಸಂಸ್ಥಾನಕ್ಕೆ ಸೇರಿದ್ದುದರಿಂದ ಬಳ್ಳಾರಿಯಂತಹ ವಿವಾದಕ್ಕೆ ಒಳಗಾಗಲಿಲ್ಲ. ಆದರೂ ನೆರೆಯ ವಿವಾದದ ನೆರಳು ಅವುಗಳ ಮೇಲೆ ಬಿದ್ದಿತು. ಮೊಳಕಾಲ್ಮುರಿಗೆ ಹೊಂದಿಕೊಂಡ ರಾಯದುರ್ಗ ಇನ್ನೊಂದು ರಾಜ್ಯವಾಯಿತು. ಅದುವರೆಗೆ ಕೊಡುಕೊಳೆಯ ದಾರಿಯಾಗಿದ್ದದ್ದು ಗಡಿಯಾಯಿತು. ಗಡಿಯ ಈ ಬದಿಯಲ್ಲಿ ತೆಲುಗು ಮನೆಮಾತಿನವರು ಆಂಧ್ರದ ಕಡೆಯವರೆಂಬ ಭಾವನೆಗೆ ಗುರಿಯಾದರು. ಆ ಬದಿಯ ರಾಯದುರ್ಗ, ಮಡಕಶಿರಾಗಳಲ್ಲಿ ಕನ್ನಡ ಮನೆಮಾತಿನವರು ಅದೇ ಬಗೆಯ ಸಂದೇಹಕ್ಕೆ ಗುರಿಯಾದರು. ಒಂದೇ ತಪ್ಪು ಎಣಿಕೆ ಗಡಿಯ ಎರಡೂ ಕಡೆ ಕನ್ನಡಿಯ ಬಿಂಬದಂತೆ ಕಾಣುತ್ತದೆ.

ಇದು ಕೇವಲ ಮನೋಭಾವದ ಮಾತಲ್ಲ. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಹಟ್ಟಿಯ ಮಗು ಮೊದಲ ದಿನ ಕಾಲಿಡುವುದು ಕನ್ನಡ ಶಾಲೆಗೆ. ಆ ಕನ್ನಡ ಅದಕ್ಕೆ ಬೇಕಾದದ್ದೇ. ಹಿರಿಯರು ಬಯಸುವುದೂ ಅದನ್ನೇ. ಆದರೆ ಮಗುವಿನ ಆರಂಭದ ಮೌನವನ್ನು ಮಂದಬುದ್ಧಿಯೆಂದೋ ಹಿಂದುಳಿದಿರುವಿಕೆಯೆಂದೋ ಎಣಿಸುವ ಅಪಾಯವಿದೆ. ಡರ್ಹಾಮ್ ಒಂದು ಜನಾಂಗದ ಬಗ್ಗೆ ಮಾಡಿದ ತಪ್ಪನ್ನು ಇಲ್ಲಿ ಒಂದು ತರಗತಿಯ ಕೋಣೆಯಲ್ಲಿ ಮಾಡುವುದು ಸುಲಭ.

೫

ಹೊರಗಿನ ನೋಟಕ್ಕೆ ಈ ಸೀಮೆ ನೀಡಿದ ಉತ್ತರ ಕನ್ನಡದಲ್ಲೇ ಬಂದಿತೆಂಬುದು ವಿಶೇಷ. ದುರ್ಗದ ನಾಯಕರ ಪೂರ್ವಿಕರು ತಿರುಪತಿಯ ಕಡೆಯಿಂದ ಬಂದವರೆಂದು ಐತಿಹ್ಯ ಹೇಳುತ್ತದೆ. ಆದರೆ ಆ ಮನೆತನದ ಶಾಸನಗಳೂ ಬಖೈರುಗಳೂ ಕನ್ನಡದಲ್ಲಿವೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಎಂ. ಎಸ್. ಪುಟ್ಟಣ್ಣ ಮತ್ತು ಹುಲ್ಲೂರು ಶ್ರೀನಿವಾಸ ಜೋಯಿಸರು ದುರ್ಗದ ಚರಿತ್ರೆಯನ್ನು ಸ್ಥಳೀಯ ಆಕರಗಳಿಂದ ಕಟ್ಟಲು ತೊಡಗಿದರು. ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರೆನಿಸಿದರು. ಅದೇ ತಳುಕಿನ ಮನೆತನದ ತ. ರಾ. ಸುಬ್ಬರಾಯರು ದುರ್ಗದ ಪಾಳೆಯಗಾರರ ಏಳುಬೀಳುಗಳನ್ನು ಕಾದಂಬರಿಗಳ ಮಾಲೆಯಾಗಿಸಿದರು. ಅದರ ಕೊನೆಯ ಕೃತಿ ‘ದುರ್ಗಾಸ್ತಮಾನ’ಕ್ಕೆ ೧೯೮೫ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಸಂದಿತು. ವಿಲ್ಕ್ಸನ ಗ್ರಂಥದಲ್ಲಿ ತಲೆ ಕಡಿಯುವವರಾಗಿ ಕಂಡವರು ಇಲ್ಲಿ ತಮ್ಮ ನೆಲವನ್ನು ಕಳೆದುಕೊಳ್ಳುವ ಮನುಷ್ಯರಾಗಿ ಕಂಡರು. ಗಾರ್ನೊನ ಚರಿತ್ರೆ ಕ್ವೆಬೆಕ್‌ನಲ್ಲಿ ಮಾಡಿದ ಕೆಲಸವನ್ನು ಈ ಬರಹಗಳು ದುರ್ಗದ ಸೀಮೆಯಲ್ಲಿ ಮಾಡಿದವೆಂದು ಹೇಳಬಹುದು.

ಜಾನಪದ ಕ್ಷೇತ್ರದ ಕೊಡುಗೆಯೂ ದೊಡ್ಡದು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ಪ್ರಕಟಿಸಿದರು. ತೀ. ನಂ. ಶಂಕರನಾರಾಯಣರು ಕಾಡುಗೊಲ್ಲರ ಸಂಪ್ರದಾಯಗಳನ್ನು ಅಧ್ಯಯನ ಮಾಡಿದರು. ೧೯೯೧ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬುಡಕಟ್ಟು ಅಧ್ಯಯನಕ್ಕೆ ಪ್ರತ್ಯೇಕ ವಿಭಾಗವನ್ನು ನೀಡಿತು. ಅದೇ ೧೯೯೧ರಲ್ಲಿ ಬೇಡ, ನಾಯಕ, ವಾಲ್ಮೀಕಿ ಹೆಸರುಗಳು ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿದವು. ೨೦೦೮ರಿಂದ ಚಳ್ಳಕೆರೆ ಮತ್ತು ಮೊಳಕಾಲ್ಮುರು ವಿಧಾನಸಭಾ ಕ್ಷೇತ್ರಗಳೆರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿವೆ.

ಇಲ್ಲಿಗೆ ಕ್ವೆಬೆಕ್‌ನ ಹೋಲಿಕೆ ಮುಗಿಯುತ್ತದೆ. ೧೯೭೭ರ ಫ್ರೆಂಚ್ ಭಾಷಾ ಶಾಸನದ ಮೂಲಕ ಕ್ವೆಬೆಕ್ ತನ್ನ ನುಡಿಯನ್ನು ಶಾಲೆ, ಉದ್ಯೋಗ, ವ್ಯವಹಾರಗಳ ಭಾಷೆಯಾಗಿ ಭದ್ರಪಡಿಸಿಕೊಂಡಿತು. ಮ್ಯಾಸಬೇಡರು ಅಂಥ ಮಾರ್ಗವನ್ನು ಹಿಡಿಯಲಿಲ್ಲ. ಕನ್ನಡವನ್ನು ಅವರು ಪರರ ಭಾಷೆಯೆಂದು ತಿಳಿಯಲೇ ಇಲ್ಲ. ಮನೆಯ ತೆಲುಗು, ಊರಿನ ಕನ್ನಡ ಎಂಬುದು ಅವರಿಗೆ ಎರಡು ನಿಷ್ಠೆಗಳಲ್ಲ; ಒಂದೇ ಬದುಕಿನ ಎರಡು ಕೆಲಸಗಳು. ಹೊರಗಿನ ವೀಕ್ಷಕರಿಗೆ ತಪ್ಪಿಹೋದದ್ದು ಈ ಅಂಶವೇ.

೬

ಪ್ರತಿವರ್ಷ ಭಾದ್ರಪದದಲ್ಲಿ ನಡೆಯುವ ಗೌರಸಮುದ್ರ ಮಾರಮ್ಮನ ಜಾತ್ರೆಗೆ ಚಿತ್ರದುರ್ಗ, ಬಳ್ಳಾರಿ ಜಿಲ್ಲೆಗಳಿಂದಲೂ ಆಂಧ್ರದ ಕಡೆಯಿಂದಲೂ ಜನ ಸೇರುತ್ತಾರೆ. ಹರಕೆ ಹೊತ್ತವರ ಮಾತು ಎರಡು ಭಾಷೆಗಳಲ್ಲಿ ಕೇಳಿಸುತ್ತದೆ; ದೇವಿಗೆ ಅದರಿಂದ ತೊಡಕಿಲ್ಲ. ೧೯೫೩ರಲ್ಲಿ ಎಳೆದ ಗಡಿ ಕಚೇರಿಗಳನ್ನು ಬೇರ್ಪಡಿಸಿತೇ ಹೊರತು ಈ ಒಕ್ಕಲನ್ನು ಬೇರ್ಪಡಿಸಲಿಲ್ಲ.

ಆದರೆ ಸಂಶೋಧನೆಯ ಸಂಸ್ಥೆಗಳು ಆ ಗಡಿಗೆ ಅನುಗುಣವಾಗಿಯೇ ಬೆಳೆದಿವೆ. ಕನ್ನಡದ ಸಂಸ್ಥೆಗಳು ಕನ್ನಡ ಹಾಡನ್ನೂ ತೆಲುಗಿನ ಸಂಸ್ಥೆಗಳು ಆಂಧ್ರ, ತೆಲಂಗಾಣಗಳ ತೆಲುಗನ್ನೂ ಸಹಜವಾಗಿ ಮೊದಲು ಅರಸುತ್ತವೆ. ಕನ್ನಡ ಪದಗಳನ್ನು ಒಳಗೊಂಡು ಬೆಳೆದ ಹಟ್ಟಿಯ ತೆಲುಗು ಇವೆರಡರ ನಡುವೆ ಬಿದ್ದುಹೋಗುವ ಸಂಭವವಿದೆ. ಅದಕ್ಕೆ ಲಿಪಿಯ ಆಸರೆಯಿಲ್ಲ, ಶಾಲೆಯ ಆಸರೆಯಿಲ್ಲ. ಕಿಲಾರಿಗಳು ದನಗಳನ್ನು ಬಣ್ಣ, ಕೊಂಬು, ಸುಳಿಗಳಿಂದ ಗುರುತಿಸುವ ಪದಗಳು, ಹುಲ್ಲು–ಗಿಡಗಳ ಹೆಸರುಗಳು, ಆಚರಣೆಯ ಹೊತ್ತಿನಲ್ಲಿ ಮಾತ್ರ ಹೊರಬೀಳುವ ನುಡಿಗಟ್ಟುಗಳು ಹಿರಿಯರ ನೆನಪಿನಲ್ಲೇ ಉಳಿಯುವಂಥವು. ದೇವರ ಎತ್ತುಗಳು ಮೇಯುವ ಕಾವಲುಗಳು ಕಿರಿದಾದಂತೆ, ಕಿಲಾರಿಯ ಮಕ್ಕಳು ಪಟ್ಟಣದ ಕೆಲಸಗಳಿಗೆ ಹೋದಂತೆ, ಆ ಪದಗಳನ್ನು ಬಳಸುವ ಸಂದರ್ಭವೇ ಕಡಿಮೆಯಾಗುತ್ತದೆ.

ಆದ್ದರಿಂದ ಈ ನುಡಿಯ ದಾಖಲೆ ಕನ್ನಡದ ಕೆಲಸವೂ ಹೌದು. ಅದು ಕನ್ನಡ ನಾಡಿನ ಚರಿತ್ರೆಯ ಆಕರ. ಅದನ್ನು ಆಡುವವರು ಕನ್ನಡದಲ್ಲಿ ಓದು ಬರಹ ಕಲಿತವರು. ಮನೆಮಾತು ತಿಳಿದ ಸಮುದಾಯದ ಯುವ ಸಂಶೋಧಕರಿಂದಲೇ ಕಟ್ಟೆಮನೆಗಳ, ಕಿಲಾರಿಗಳ, ಹಾಡುಗಾರ್ತಿಯರ ಮಾತನ್ನು ಧ್ವನಿಮುದ್ರಿಸಿ, ಕನ್ನಡ ಲಿಪಿಯಲ್ಲಿ ಬರೆದಿಟ್ಟು, ಅರ್ಥಕೋಶ ಸಿದ್ಧಪಡಿಸುವುದು ಸಾಧ್ಯವಿರುವ ಕಾರ್ಯ. ಹೊರಗಿನವರು ಎರಡು ಶತಮಾನಗಳ ಕಾಲ ಈ ಜನರ ಶೌರ್ಯವನ್ನು ಕಂಡರು, ಆಚರಣೆಯನ್ನು ಕಂಡರು, ಸಂಖ್ಯೆಯನ್ನು ಕಂಡರು. ಅವರ ಮಾತನ್ನು ಕೇಳುವ ಕೆಲಸ ಬಹುಮಟ್ಟಿಗೆ ಇನ್ನೂ ಮುಂದಿದೆ.