ಅರವತ್ತರ ಆಟ, ಐವತ್ತರ ಪರದೆ

ಹಳೆಯ ವಿಡಿಯೋ ಗೇಮ್‌ಗಳನ್ನು ಮತ್ತೆ ಆಡುವುದಕ್ಕೆಂದೇ ತಯಾರಾದ ಅಂಗೈಯಗಲದ ಯಂತ್ರಗಳು ಈಗ ಹತ್ತಾರು ಹೆಸರುಗಳಲ್ಲಿ ಸಿಗುತ್ತವೆ. ಅನ್‌ಬರ್ನಿಕ್, ಮಿಯೂ, ರೆಟ್ರಾಯ್ಡ್ ಎಂದು ಚೀನಾದ ಕಂಪನಿಗಳೇ ಸಾಲುಗಟ್ಟಿವೆ. ಕೊಳ್ಳಲು ಹೊರಟವರು ಸಾಮಾನ್ಯವಾಗಿ ವಿಚಾರಿಸುವುದು ಎರಡೇ ಸಂಗತಿ: ಪ್ರೊಸೆಸರ್ ಎಷ್ಟು ವೇಗದ್ದು, ಒಳಗೆ ಎಷ್ಟು ಸಾವಿರ ಆಟಗಳಿವೆ. ಮಂಗಳೂರಿನಲ್ಲಿ ಬಾಲ್ಯ ಕಳೆದ ಓದುಗರು ನೀವಾಗಿದ್ದರೆ, ಈ ಎರಡನ್ನೂ ಬದಿಗಿಟ್ಟು ಮೊದಲು ಇನ್ನೊಂದನ್ನು ನೆನಪು ಮಾಡಿಕೊಳ್ಳಿ. ಆ ಆಟವನ್ನು ನೀವು ಆಗ ಆಡಿದ್ದು ಯಾವ ಪರದೆಯ ಮೇಲೆ? ಯಂತ್ರದ ಆಯ್ಕೆ ಅಲ್ಲಿಂದ ಶುರುವಾಗಬೇಕು. ಏಕೆ ಎಂಬುದಕ್ಕೆ ಸ್ವಲ್ಪ ಇತಿಹಾಸ ಹೇಳಬೇಕಾಗುತ್ತದೆ.

ಮೊದಲಿಗೆ ಎಮ್ಯುಲೇಷನ್ ಎಂದರೇನು ಎಂಬುದನ್ನು ನೋಡೋಣ. ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ಚೆನ್ನೆಮಣೆಯೇ ಸಾಕು. ಆಟಿ ತಿಂಗಳ ಮಳೆಯಲ್ಲಿ ಅಜ್ಜಿಯಂದಿರು ಮರದ ಮಣೆಯ 14 ಗುಳಿಗಳಲ್ಲಿ ಮಂಜೊಟ್ಟಿ ಕಾಯಿಗಳನ್ನು ಹಂಚುತ್ತಾ ಹೋಗುತ್ತಿದ್ದುದನ್ನು ನೀವು ನೋಡಿರಬಹುದು. ಮಣೆ ಇಲ್ಲದಿದ್ದರೆ ಅಂಗಳದ ಮಣ್ಣಿನಲ್ಲಿ 14 ಗುಳಿ ತೋಡಿ, ಹುಣಸೆ ಬೀಜ ಹಾಕಿ ಆಡಿದರೂ ಅದು ಚೆನ್ನೆಯೇ. ಆಟ ಇರುವುದು ಮರದಲ್ಲಲ್ಲ, ನಿಯಮದಲ್ಲಿ. (ಆ ನಿಯಮದ ಕಾವು ಎಂಥದೆಂಬುದನ್ನು ಸಿರಿ ಪಾಡ್ದನ ಬಲ್ಲವರಿಗೆ ಹೇಳಬೇಕಾಗಿಲ್ಲ. ಅಬ್ಬಗ ದಾರಗ ಸೋದರಿಯರ ನಡುವೆ ಜಗಳವೆದ್ದು ಮಣೆಯೇ ಆಯುಧವಾಗುವುದು ಚೆನ್ನೆಯಾಟದಲ್ಲೇ.) ಎಮ್ಯುಲೇಟರ್ ಎಂಬ ತಂತ್ರಾಂಶ ಮಾಡುವ ಕೆಲಸವೂ ಇದೇ. ಹಳೆಯ ಯಂತ್ರದ ಚಿಪ್ಪು ಯಾವ ಆಜ್ಞೆಗೆ ಏನು ಮಾಡುತ್ತಿತ್ತೋ ಅದನ್ನು ಹೊಸ ಯಂತ್ರದ ಒಳಗೆ ಒಂದೊಂದಾಗಿ ಅನುಸರಿಸುತ್ತದೆ. ಕ್ಯಾಸೆಟ್ಟಿನೊಳಗಿದ್ದ ಆಟ ತಾನು ಮರದ ಮಣೆಯ ಮೇಲಿದ್ದೇನೋ ಮಣ್ಣಿನ ಗುಳಿಯಲ್ಲಿದ್ದೇನೋ ತಿಳಿಯದೆ ನಡೆಯುತ್ತದೆ.

ಇದು ಆಟಿಕೆಗಾಗಿ ಹುಟ್ಟಿದ ಉಪಾಯವಲ್ಲ. 1964ರಲ್ಲಿ ಐ.ಬಿ.ಎಂ. ತನ್ನ ಸಿಸ್ಟಂ 360 ಗಣಕಗಳನ್ನು ಹೊರತಂದಾಗ, ಹಳೆಯ 1401 ಗಣಕಕ್ಕೆ ಬರೆದ ಕಾರ್ಯಕ್ರಮಗಳು ವ್ಯರ್ಥವಾಗದಿರಲೆಂದು ಕೆಲವು ಮಾದರಿಗಳಲ್ಲಿ ಈ ವ್ಯವಸ್ಥೆ ಮಾಡಿತ್ತು. ಆಟಗಳ ಲೋಕಕ್ಕೆ ಅದು ದೊಡ್ಡ ಪ್ರಮಾಣದಲ್ಲಿ ಬಂದದ್ದು 1997ರಲ್ಲಿ. ಆ ವರ್ಷ ಇಟಲಿಯ ನಿಕೋಲಾ ಸಾಲ್ಮೋರಿಯಾ ಅವರು ನಾಣ್ಯ ಹಾಕಿ ಆಡುವ ಯಂತ್ರಗಳಿಗಾಗಿ ಮೇಮ್ ಎಂಬ ಎಮ್ಯುಲೇಟರನ್ನು ಬಿಡುಗಡೆ ಮಾಡಿದರು. ನಿಂಟೆಂಡೋ ಆಟಗಳಿಗೆ ನೆಸ್ಟಿಕಲ್ ಬಂದದ್ದೂ ಅದೇ ವರ್ಷ. ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಇದು ಸಾಧ್ಯವೆಂದು ತೋರಿಸಿದವುಗಳಲ್ಲಿ 2001ರಲ್ಲಿ ದಕ್ಷಿಣ ಕೊರಿಯಾದಲ್ಲಿ ತಯಾರಾದ ಜಿ.ಪಿ. 32 ಮೊದಲ ಸಾಲಿನದು. ಚೀನಾದ ಡಿಂಗೂ 2009ರಲ್ಲಿ ಬಂತು. ಇಂದಿನವು ಇವುಗಳ ವಂಶದವೇ.

ಇನ್ನು ಮಂಗಳೂರಿಗೆ ಬರೋಣ. ಜಪಾನಿನಲ್ಲಿ ನಿಂಟೆಂಡೋ ಕಂಪನಿ ಫ್ಯಾಮಿಕಾಂ ಎಂಬ ಯಂತ್ರವನ್ನು ಮಾರಾಟಕ್ಕೆ ತಂದದ್ದು 1983ರ ಜುಲೈಯಲ್ಲಿ. ಅದು ಅದೇ ಹೆಸರಿನಲ್ಲಿ ನಮ್ಮ ಮನೆಗಳಿಗೆ ಬಂದದ್ದು ತೀರಾ ಕಡಿಮೆ. 1990ರ ದಶಕದಲ್ಲಿ ಹಂಪನಕಟ್ಟೆಯ ಅಂಗಡಿಗಳ ಗಾಜಿನ ಹಿಂದೆಯೂ, ಕೊಲ್ಲಿ ನಾಡಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲೂ ಇದ್ದದ್ದು ಅದರ ನಕಲುಗಳು. ತೈವಾನಿನ ಮೈಕ್ರೋ ಜೀನಿಯಸ್ ಒಂದು, ನಮ್ಮ ದೇಶದ ಮೀಡಿಯಾ ಕಂಪನಿಯ ಲಿಟಲ್ ಮಾಸ್ಟರ್ ಇನ್ನೊಂದು, ಹೆಸರೇ ಇಲ್ಲದವು ಲೆಕ್ಕವಿಲ್ಲದಷ್ಟು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಹಾರತೊಡಗಿದ್ದು 2006ರಲ್ಲಿ. ಅದಕ್ಕೆ ಮೊದಲು ಗಲ್ಫ್‌ನ ಬಹುಪಾಲು ಸಾಮಾನು ಮುಂಬಯಿಯಲ್ಲಿ ಇಳಿದು, ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಘಟ್ಟ ಸುತ್ತಿ ಊರು ಸೇರುತ್ತಿತ್ತು. ಆ ಪ್ರಯಾಣವನ್ನು ತಾಳಿಕೊಂಡ ಪೆಟ್ಟಿಗೆಯನ್ನು ಬಿಚ್ಚಿ, ಟಿ.ವಿ.ಯ ಆಂಟೆನಾ ತಂತಿ ಕಳಚಿ, ಗೇಮಿನ ವಯರು ಸಿಕ್ಕಿಸಿ, ಚಾನೆಲ್ ತಿರುಗಿಸುತ್ತಾ ಹೋದರೆ ಮಳೆ ಮಳೆಯಂಥ ಪರದೆಯ ನಡುವೆ ಎಲ್ಲೋ ಒಂದು ಕಡೆ ಮಾರಿಯೋ ಪ್ರತ್ಯಕ್ಷನಾಗುತ್ತಿದ್ದ. ಆಟಕ್ಕೂ ಭಾನುವಾರದ ಚಲನಚಿತ್ರಕ್ಕೂ ಇದ್ದದ್ದು ಒಂದೇ ಪರದೆಯಾದ್ದರಿಂದ ಮನೆಯಲ್ಲಿ ಏನಾಗುತ್ತಿತ್ತೆಂದು ನಿಮಗೇ ಗೊತ್ತು.

ಇಲ್ಲಿ ನನ್ನ ವೃತ್ತಿಯ ಒಂದು ಲೆಕ್ಕವನ್ನು ನಿಮ್ಮ ಮುಂದಿಡಬೇಕು. ಜಪಾನ್ ಮತ್ತು ಅಮೆರಿಕದ ಅಂದಿನ ಟಿ.ವಿ. ಪದ್ಧತಿಯ ಹೆಸರು ಎನ್.ಟಿ.ಎಸ್.ಸಿ. ಅದರಲ್ಲಿ 525 ಗೆರೆಗಳು, ಸೆಕೆಂಡಿಗೆ ಸುಮಾರು 60 ಬಾರಿ ಪರದೆ ಗೀಚಲ್ಪಡುತ್ತಿತ್ತು. ನಮ್ಮ ದೂರದರ್ಶನ 1982ರಲ್ಲಿ ವರ್ಣ ಪ್ರಸಾರ ಆರಂಭಿಸಿದಾಗ ಆರಿಸಿಕೊಂಡದ್ದು ಪಾಲ್ ಪದ್ಧತಿ: 625 ಗೆರೆ, ಸೆಕೆಂಡಿಗೆ 50 ಬಾರಿ. ದುಬೈಯಲ್ಲೂ ಪಾಲ್ ಪದ್ಧತಿಯೇ ಇತ್ತು. ಗೆರೆ ಹೆಚ್ಚು, ಬಡಿತ ಕಡಿಮೆ ಎಂದಿಟ್ಟುಕೊಳ್ಳಿ.

ಈ ವ್ಯತ್ಯಾಸ ಆಟಕ್ಕೆ ಏಕೆ ತಾಗುತ್ತದೆ? ಆ ಕಾಲದ ಆಟಗಳ ಗಡಿಯಾರ ಪರದೆಯೇ. ಪರದೆ ಒಮ್ಮೆ ಮೇಲಿನಿಂದ ಕೆಳಗೆ ಗೀಚಿ ಮುಗಿದಾಗ ಮಾರಿಯೋ ಒಂದು ಹೆಜ್ಜೆ ಮುಂದೆ. ಮತ್ತೊಮ್ಮೆ ಮುಗಿದಾಗ ಮತ್ತೊಂದು. 60 ಬಡಿತಕ್ಕೆ ಬರೆದ ಆಟವನ್ನು 50 ಬಡಿತದ ಯಂತ್ರದಲ್ಲಿ ಹಾಕಿದರೆ ಅದು ಆರರಲ್ಲಿ ಐದರಷ್ಟು ವೇಗದಲ್ಲಿ ಸಾಗುತ್ತದೆ. ಅಂದರೆ ನೂರಕ್ಕೆ ಹದಿನೇಳರಷ್ಟು ನಿಧಾನ. ಪಾಲ್ ದೇಶಗಳಿಗೆಂದು ತೈವಾನಿನ ಯು.ಎಂ.ಸಿ. ಕಂಪನಿ ತಯಾರಿಸಿದ ನಕಲು ಚಿಪ್ಪುಗಳಲ್ಲಿ ಆದದ್ದು ಇದೇ. ಆದರೆ ಅವುಗಳಲ್ಲಿ ಒಂದು ಜಾಣತನವಿತ್ತು. ಯೂರೋಪಿಗೆ ನಿಂಟೆಂಡೋ ತಾನೇ ಮಾಡಿದ ಪಾಲ್ ಯಂತ್ರದಲ್ಲಿ ಮುಖ್ಯ ಚಿಪ್ಪಿನ ವೇಗ 1.79 ಮೆಗಾಹರ್ಟ್ಸ್‌ನಿಂದ 1.66ಕ್ಕೆ ಇಳಿದಿತ್ತು, ಅದರಿಂದ ಆಟದ ಸಂಗೀತದ ಶ್ರುತಿಯೂ ಇಳಿಯುತ್ತಿತ್ತು. ನಕಲು ಚಿಪ್ಪುಗಳು 1.77ರಲ್ಲಿ ಓಡುತ್ತಿದ್ದವು. ಆದ್ದರಿಂದ ಶ್ರುತಿ ಬಹುಮಟ್ಟಿಗೆ ಜಪಾನಿನದೇ, ಲಯ ಮಾತ್ರ ವಿಳಂಬ.

ಇದು ಟಿ.ವಿ.ಗೆ ಹೊಸದೇನಲ್ಲ. ಚಲನಚಿತ್ರ ಸೆಕೆಂಡಿಗೆ 24 ಚಿತ್ರಗಳದ್ದು. ಪಾಲ್ ಪ್ರಸಾರಕ್ಕೆ ಅದನ್ನು 25ರಂತೆ ಓಡಿಸುವುದು ವಾಡಿಕೆ. ಎರಡೂವರೆ ಗಂಟೆಯ ಚಿತ್ರ ಹಾಗೆ ಓಡಿದರೆ ಆರು ನಿಮಿಷ ಮೊದಲೇ ಮುಗಿಯುತ್ತದೆ. ಚಿತ್ರಮಂದಿರದಲ್ಲಿ ಕೇಳಿದ ಹಾಡು ಟಿ.ವಿ.ಯಲ್ಲಿ ಕೂದಲೆಳೆಯಷ್ಟು ಚುರುಕೆನಿಸುವುದು ಅದಕ್ಕೇ. ಚಲನಚಿತ್ರ ಬೇಗ, ವಿಡಿಯೋ ಗೇಮ್ ನಿಧಾನ. ಒಂದೇ ಪೆಟ್ಟಿಗೆಯಲ್ಲಿ ಎರಡು ಬಗೆಯ ಕಾಲ.

ಈಗ ಆಯ್ಕೆಯ ಮಾತು. ಇವತ್ತಿನ ಯಂತ್ರಗಳು ಹೇಳದೇ ಕೇಳದೇ ಜಪಾನಿನ ಇಲ್ಲವೇ ಅಮೆರಿಕದ ಪ್ರತಿಯನ್ನು 60ರಲ್ಲಿ ಓಡಿಸುತ್ತವೆ. ಮೂವತ್ತು ವರ್ಷದ ಬಳಿಕ ಸೂಪರ್ ಮಾರಿಯೋ ಬ್ರದರ್ಸ್ ಹಚ್ಚಿದ ಅನೇಕರು "ಮೊದಲೆಲ್ಲ ಈ ಗುಂಡಿ ಹಾರುತ್ತಿದ್ದೆ, ಈಗ ಕೈ ಸಾಲುವುದಿಲ್ಲ, ವಯಸ್ಸಾಯಿತು" ಎಂದು ಯಂತ್ರವನ್ನು ಮಕ್ಕಳಿಗೆ ಕೊಟ್ಟುಬಿಡುತ್ತಾರೆ. ವಯಸ್ಸಾಗಿರುವುದು ನಿಜವೇ ಇರಬಹುದು. ಆದರೂ ತೀರ್ಪಿಗೆ ಮೊದಲು ಎಮ್ಯುಲೇಟರಿನ ಸೆಟ್ಟಿಂಗ್‌ಗೆ ಹೋಗಿ ನೋಡಿ. ಎಫ್.ಸಿ.ಇ.ಯು.ಎಂ.ಎಂ. ಎಂಬ ಎಮ್ಯುಲೇಟರಿನಲ್ಲಿ ಪ್ರದೇಶ ಆರಿಸುವ ಕಡೆ ಎನ್.ಟಿ.ಎಸ್.ಸಿ., ಪಾಲ್ ಜೊತೆಗೆ ಡೆಂಡಿ ಎಂಬ ಹೆಸರೂ ಇದೆ. ಡೆಂಡಿ ಎಂಬುದು 1992ರ ಕೊನೆಗೆ ರಷ್ಯದಲ್ಲಿ ಬಂದ ಇಂಥದೇ ನಕಲು ಯಂತ್ರ. ಐವತ್ತರ ಬಡಿತ, ಕೆಡದ ಶ್ರುತಿ. ರಷ್ಯದವರು ತಮ್ಮ ಬಾಲ್ಯವನ್ನು ದಾಖಲು ಮಾಡಿಟ್ಟರು, ಹೀಗಾಗಿ ನಮ್ಮ ವೇಗಕ್ಕೂ ಅವರ ಹೆಸರೇ ಬಂತು. ಎರಡೂ ಬಗೆಯಲ್ಲಿ ಐದೈದು ನಿಮಿಷ ಆಡಿ ನೋಡಿ. ನಿಮ್ಮ ಮನೆಯಲ್ಲಿದ್ದದ್ದು ಯಾವುದೆಂದು ಬೆರಳಿಗೇ ತಿಳಿಯುತ್ತದೆ.

ಹಾಗಾಗಿ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಈ ಸೆಟ್ಟಿಂಗ್‌ಗಳನ್ನು ಮುಟ್ಟಲು ಯಂತ್ರ ಬಿಡುತ್ತದೆಯೇ ಎಂಬುದು. ತೀರಾ ಅಗ್ಗದ ಕೆಲವು ಮುಚ್ಚಿದ ಪೆಟ್ಟಿಗೆಯಂತಿರುತ್ತವೆ. ಆಟದ ಪಟ್ಟಿ ಬಿಟ್ಟರೆ ಬೇರೇನೂ ಕಾಣದು. ಅಂಥವು ಬೇಡ. ಇನ್ನೊಂದು ಸೂಕ್ಷ್ಮವಿದೆ. ಹೆಚ್ಚಿನ ಕೈಯಂತ್ರಗಳ ಪರದೆ 60ಕ್ಕೇ ಕಟ್ಟಿಹಾಕಿದ್ದು. ಅದರ ಮೇಲೆ 50ರ ಆಟ ಓಡಿಸಿದರೆ ಸೆಕೆಂಡಿಗೆ ಹತ್ತು ಚಿತ್ರಗಳನ್ನು ಎರಡೆರಡು ಸಲ ತೋರಿಸಬೇಕಾಗುತ್ತದೆ; ಹಿನ್ನೆಲೆ ಸರಿಯುವಾಗ ಸಣ್ಣ ಕುಲುಕಾಟ ಕಾಣುತ್ತದೆ. ಪರದೆಯ ಬಡಿತ ಬದಲಾಯಿಸಲು ಬರುವ ಯಂತ್ರ ಸಿಕ್ಕಿದರೆ ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡಬಹುದು.

ಎರಡನೆಯದು ಪರದೆಯ ಆಕಾರ. ಫ್ಯಾಮಿಕಾಂ ಚಿತ್ರ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕಿಗಳದ್ದು. ಮಿಯೂ ಮಿನಿ ಪ್ಲಸ್, ಆರ್.ಜಿ. 35 ಎಕ್ಸ್‌ಎಕ್ಸ್ ಮೊದಲಾದ ಮೂರೂವರೆ ಅಂಗುಲದ ಯಂತ್ರಗಳ ಪರದೆ 640ಕ್ಕೆ 480. ಎತ್ತರ ಸರಿಯಾಗಿ ಎರಡು ಪಟ್ಟು, ಆಕಾರವೂ ಹಳೆಯ ಟಿ.ವಿ.ಯ ನಾಲ್ಕಕ್ಕೆ ಮೂರು. ನಮ್ಮ ಬಾಲ್ಯಕ್ಕೆ ಅಳತೆ ಕೊಟ್ಟು ಹೊಲಿಸಿದಂತಿದೆ. 5.5 ಅಂಗುಲದ ಅಗಲ ಪರದೆ ನೋಡಿ ಮರುಳಾಗಬೇಡಿ. ಎರಡೂ ಬದಿಗೆ ಕಪ್ಪು ಪಟ್ಟಿ ಕಳೆದರೆ ಹಳೆಯ ಆಟಕ್ಕೆ ಉಳಿಯುವುದು ಸುಮಾರು ನಾಲ್ಕೂವರೆ ಅಂಗುಲ. ವೇಗದ ಚಿಂತೆಯಂತೂ ಇಲ್ಲವೇ ಇಲ್ಲ. 1.79 ಮೆಗಾಹರ್ಟ್ಸ್‌ನ ಯಂತ್ರವನ್ನು ಅನುಕರಿಸಲು ಸಾವಿರ ಮೆಗಾಹರ್ಟ್ಸ್‌ಗೂ ಮೀರಿದ ಚಿಪ್ಪು ಅಗ್ಗದ ಯಂತ್ರದಲ್ಲೇ ಇದೆ. 1994ರ ಪ್ಲೇಸ್ಟೇಷನ್ ಆಟಗಳವರೆಗೂ ಅದು ಸಾಕು, ಪಿ.ಎಸ್.ಪಿ. ಮತ್ತು ಅದರಾಚೆಯವನ್ನು ಆಡುವವರು ಮಾತ್ರ ಮೇಲಿನ ದರದ್ದನ್ನು ನೋಡಲಿ.

ಟಿ.ವಿ.ಗೆ ಜೋಡಿಸದ, ತನ್ನದೇ ಪರದೆ ಹೊತ್ತು ಬಂದ ಆಟಗಳಿಗೆ ಈ ಐವತ್ತು ಅರವತ್ತರ ತಕರಾರಿಲ್ಲ. 1989ರ ಗೇಮ್ ಬಾಯ್ ಟೋಕಿಯೋದಲ್ಲೂ ಮಂಗಳೂರಿನಲ್ಲೂ ಒಂದೇ ವೇಗದಲ್ಲಿ ಓಡುತ್ತಿತ್ತು. ಅದನ್ನು ರೂಪಿಸಿದ ಗುನ್ಪೇ ಯೊಕೋಯಿ ಅವರದು ವಿಚಿತ್ರ ತಲೆ. ಹೊಸ ತಂತ್ರಜ್ಞಾನದ ಹಿಂದೆ ಓಡದೆ, ಹಳತಾಗಿ ಅಗ್ಗವಾದದ್ದನ್ನು ಹೊಸ ಕೆಲಸಕ್ಕೆ ಹಚ್ಚುವುದು ಅವರ ಸೂತ್ರ. 1980ರ ಗೇಮ್ ಅಂಡ್ ವಾಚ್‌ಗೆ ಕ್ಯಾಲ್ಕ್ಯುಲೇಟರಿನ ಬಗೆಯ ಪರದೆ ಹಾಕಿದರು. 1982ರಲ್ಲಿ ಕೂಡಿಸುವ ಚಿಹ್ನೆಯಂಥ ಗುಂಡಿಯನ್ನು ತಂದರು. ಇಂದಿನ ಎಲ್ಲ ಯಂತ್ರಗಳ ಎಡಬದಿಗಿರುವುದು ಅದರದೇ ಸಂತತಿ. ಗೇಮ್ ಬಾಯ್‌ಗೆ ನಾಲ್ಕೇ ಛಾಯೆಯ ಮಂದ ಪರದೆ ಕೊಟ್ಟು ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲಿ ಗಂಟೆಗಟ್ಟಲೆ ಓಡಿಸಿದರು. ಆರು ಸೆಲ್ ನುಂಗಿ ಕೆಲವೇ ಗಂಟೆಯಲ್ಲಿ ನಂದುತ್ತಿದ್ದ ಸೆಗಾ ಕಂಪನಿಯ ವರ್ಣದ ಗೇಮ್ ಗಿಯರ್ ಅದರೆದುರು ನಿಲ್ಲಲಿಲ್ಲ. ಗೇಮ್ ಬಾಯ್ ಮತ್ತು ಅದರ ವರ್ಣದ ತಮ್ಮ ಒಟ್ಟು ಸುಮಾರು 11 ಕೋಟಿ 87 ಲಕ್ಷ ಮಾರಾಟವಾದವು. ಅದರ ಚಿತ್ರ 160ಕ್ಕೆ 144. ಮೇಲೆ ಹೇಳಿದ 640ರ ಪರದೆಯಲ್ಲಿ ಮೂರು ಪಟ್ಟು ಹಿಗ್ಗಿಸಿದರೆ ಚೊಕ್ಕವಾಗಿ ಕೂರುತ್ತದೆ. 2001ರ ಗೇಮ್ ಬಾಯ್ ಅಡ್ವಾನ್ಸ್‌ನದು 240ಕ್ಕೆ 160. ಅದನ್ನೇ ಹೆಚ್ಚು ಆಡುವವರಿಗೆ 720ಕ್ಕೆ 480ರ ಪರದೆಯಿರುವ ಆರ್.ಜಿ. 34 ಎಕ್ಸ್‌ಎಕ್ಸ್ ವಾಸಿ. ಅಲ್ಲಿ ಲೆಕ್ಕ ಸರಿಯಾಗಿ ಮೂರು ಪಟ್ಟು.

ಯಂತ್ರದ ಜೊತೆಗೆ ಬರುವ ಸಾವಿರಾರು ಆಟಗಳ ಕಾರ್ಡಿನ ಬಗ್ಗೆ ಎರಡು ಮಾತು. ಎಮ್ಯುಲೇಟರ್ ಬರೆಯುವುದು ತಾನಾಗಿ ತಪ್ಪಲ್ಲ. ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಕನೆಕ್ಟಿಕ್ಸ್ ಪರವಾಗಿ ತೀರ್ಪಿತ್ತಿತು. ಆಟಗಳ ಮಾತು ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಅವಧಿ ಅರವತ್ತು ವರ್ಷದ ಲೆಕ್ಕದ್ದು, ಆ ಲೆಕ್ಕದಲ್ಲಿ ಈ ಯಾವ ಆಟವೂ ಇನ್ನೂ ಸಾರ್ವಜನಿಕ ಸ್ವತ್ತಾಗಿಲ್ಲ. ಹಳೆಯ ಯಂತ್ರಕ್ಕೆಂದೇ ಇಂದೂ ಹೊಸ ಆಟ ಬರೆಯುವವರಿದ್ದಾರೆ. 2019ರ ಮೈಕ್ರೋ ಮೇಜಸ್ ಎಂಬುದು ಬರೀ 40 ಕಿಲೋಬೈಟಿನದು, 1985ರ ಮಾರಿಯೋನಷ್ಟೇ. ಕಾಸು ಕೊಟ್ಟು ಕೊಂಡು ಆಡಿ.

ಇಷ್ಟೆಲ್ಲ ಹೇಳಿದರೂ, ನಮ್ಮೂರಿನ ಮಕ್ಕಳ ಕೈಗೆ ನಿಜವಾಗಿ ಸಿಕ್ಕಿದ ಆಟದ ಯಂತ್ರ ಗೇಮ್ ಬಾಯ್ ಅಲ್ಲ, ಬ್ರಿಕ್ ಗೇಮ್. ಹತ್ತಕ್ಕೆ ಇಪ್ಪತ್ತು ಚೌಕಗಳ ಬೂದು ಪರದೆ, ಮೇಲೆ 9999 ಆಟಗಳೆಂಬ ಸುಳ್ಳು, ಕೀಂ ಕೀಂ ಸದ್ದು. ವಿಚಿತ್ರವೆಂದರೆ ಅದನ್ನು ಅನುಕರಿಸುವುದೇ ಹೆಚ್ಚು ಕಷ್ಟ. ಅದಕ್ಕೆ ಕ್ಯಾಸೆಟ್ ಇಲ್ಲ, ಆಟವನ್ನು 4 ಬಿಟ್‌ನ ಚಿಪ್ಪಿನೊಳಗೇ ಅಚ್ಚು ಹಾಕಲಾಗಿತ್ತು. ಅದನ್ನು ಹೊರತೆಗೆಯಲು ಚಿಪ್ಪಿನ ಕವಚವನ್ನು ಆಮ್ಲದಲ್ಲಿ ಕರಗಿಸಿ, ಸೂಕ್ಷ್ಮದರ್ಶಕದಡಿ ಚಿತ್ರ ತೆಗೆದು, ಸೊನ್ನೆ ಒಂದುಗಳನ್ನು ಓದಬೇಕು. ಕೆಲವರು ಕೆಲವು ಮಾದರಿಗಳಿಗೆ ಈ ಕೆಲಸ ಮಾಡಿದ್ದಾರೆ. ಉಳಿದವು ಅಟ್ಟದ ಮೇಲೆ, ಒಳಗೆ ಸೋರಿದ ಸೆಲ್ಲುಗಳೊಂದಿಗೆ ಇವೆ.

ಕ್ಯಾಸೆಟ್ಟುಗಳ ಪಾಡೂ ಅಷ್ಟೇ. 9999999 ಆಟ ಎಂಬ ಹಣೆಪಟ್ಟಿಯ ಒಳಗೆ ಅಸಲಿಗೆ ಇರುತ್ತಿದ್ದದ್ದು ಐದಾರು. ಉಳಿದದ್ದು ಅವೇ ಆಟಗಳು, ಒಂದು ಕಡೆ ಮೂರನೇ ಹಂತದಿಂದ ಶುರು, ಇನ್ನೊಂದು ಕಡೆ ಜೀವ ಹೆಚ್ಚು. ಜಪಾನಿನ ಮೂಲ ಆಟಗಳೆಲ್ಲ ಪಟ್ಟಿಯಾಗಿವೆ. ಈ ಕಲಸುಮೇಲೋಗರದ ಕ್ಯಾಸೆಟ್ಟುಗಳು ಎಷ್ಟು ಬಗೆಯವು ಬಂದವೆಂಬುದಕ್ಕೆ ಪೂರ್ತಿ ಲೆಕ್ಕವೇ ಇಲ್ಲ. ನಮ್ಮ ಕಡಲ ಗಾಳಿಯ ಉಪ್ಪು, ಮಳೆಗಾಲದ ಪಸೆ, ಸಾಲದ್ದಕ್ಕೆ ಆಡುವ ಮೊದಲು ನಾವು ಊದುತ್ತಿದ್ದ ಬಾಯಿಯ ಹಬೆ, ಇವೆಲ್ಲ ತಾಮ್ರದ ಹಲ್ಲುಗಳನ್ನು ಹಸಿರು ಮಾಡಿವೆ. ನಿಮ್ಮಲ್ಲೊಂದು ಇದ್ದರೆ ಹೊಸ ಯಂತ್ರ ಕೊಳ್ಳುವ ಮೊದಲು ಅದನ್ನು ಕೆಳಗಿಳಿಸಿ. ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರಸಿ ಒಣಗಿಸಿ. ಅದು ಓಡಿದರೆ ಮೊದಲ ಪರದೆಯ ಆಟಗಳ ಪಟ್ಟಿಯನ್ನು ಕೊನೆಯವರೆಗೂ ಫೋಟೋ ತೆಗೆದುಕೊಳ್ಳಿ. ಕ್ಯಾಸೆಟ್ಟಿನ ಒಳಗಿನದನ್ನು ಕಂಪ್ಯೂಟರಿಗೆ ಇಳಿಸುವ ಸಾಧನಗಳೂ ಸಿಗುತ್ತವೆ. ತಾನೇ ಬೆಸುಗೆ ಹಾಕಬಲ್ಲ ಗೆಳೆಯನೊಬ್ಬ ಇದ್ದರೆ ಕರೆದುಕೊಳ್ಳಿ. ಹಾಗೆ ಇಳಿಸಿದ ಪ್ರತಿಯನ್ನು ಆಮೇಲೆ ನೀವು ಯಾವ ಕೈಯಂತ್ರ ಕೊಂಡರೂ ಅದಕ್ಕೆ ಹಾಕಿಕೊಳ್ಳಬಹುದು, ಐವತ್ತರ ವೇಗದಲ್ಲೇ.