ಮೂರು ತಳಿ ಸಾಕು ಎಂದ ವರದಿ

1955ರಲ್ಲಿ ಬ್ರಿಟನ್ ಸರ್ಕಾರದ ಸಮಿತಿಯೊಂದು ದೇಶದ ಹಂದಿ ಸಾಕಣೆಯ ಬಗ್ಗೆ ವರದಿ ಕೊಟ್ಟಿತು. ಸಮಿತಿಯ ಅಧ್ಯಕ್ಷ ಸರ್ ಹೆರಾಲ್ಡ್ ಹೋವಿಟ್ ವೃತ್ತಿಯಿಂದ ಲೆಕ್ಕಪರಿಶೋಧಕರು. ಅವರ ಸಮಿತಿ ಕಂಡುಕೊಂಡ ದೋಷವೂ ಲೆಕ್ಕದವರ ಕಣ್ಣಿಗೆ ಬೇಗ ಬೀಳುವಂಥದ್ದೇ: ದೇಶದಲ್ಲಿ ಹಂದಿ ತಳಿಗಳು ವಿಪರೀತ ಇವೆ. ಲಾರ್ಜ್ ವೈಟ್, ಲ್ಯಾಂಡ್‌ರೇಸ್, ವೆಲ್ಷ್, ಈ ಮೂರನ್ನು ನೆಚ್ಚಿಕೊಂಡರೆ ಸಾಕು ಎಂದಿತು ವರದಿ. ಮೂರೂ ಬಿಳಿ ಹಂದಿಗಳು. ಕಪ್ಪು, ಕೆಂಪು, ಚುಕ್ಕೆಯ, ಗುಂಗುರು ಕೂದಲಿನ ಉಳಿದ ಹಂದಿಗಳನ್ನು ಯಾರೂ ನಿಷೇಧಿಸಲಿಲ್ಲ. ಅವುಗಳ ಕಡೆ ನೋಡುವುದನ್ನು ಬಿಟ್ಟರು, ಅಷ್ಟೆ.

ಆ ಉಳಿದವು ಎಲ್ಲಿದ್ದವು? ಬಹುಪಾಲು ಬಡವರ ಹಿತ್ತಿಲಲ್ಲಿ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಕೂಲಿಯವನ ಮನೆಗೆ ಒಂದು ಹಂದಿ ಎಂದರೆ ನಮ್ಮ ಕಡೆಯ ಬಡ ಮನೆಗೆ ಒಂದು ಎಮ್ಮೆ ಇದ್ದ ಹಾಗೆ. ವಿಲಿಯಂ ಕಾಬೆಟ್ 1820ರ ದಶಕದ ಆರಂಭದಲ್ಲಿ ಗುಡಿಸಲಿನ ಸಂಸಾರಗಳಿಗಾಗಿ ಬರೆದ ‘ಕಾಟೇಜ್ ಇಕಾನಮಿ’ಯಲ್ಲಿ ರೊಟ್ಟಿ, ಬಿಯರ್ ಮಾಡುವುದರ ಜೊತೆಗೆ ಹಂದಿ ಸಾಕುವುದನ್ನೂ ವಿವರವಾಗಿ ಹೇಳಿಕೊಟ್ಟಿದ್ದಾನೆ. ಮನೆಯಲ್ಲಿ ಉಳಿದದ್ದನ್ನೆಲ್ಲ ತಿಂದು ಬೆಳೆದ ಹಂದಿ ಚಳಿಗಾಲದ ಹೊತ್ತಿಗೆ ಉಪ್ಪು ಹಾಕಿದ ಬೇಕನ್ ಆಗಿ ಗೋಡೆಗೆ ತೂಗುತ್ತಿತ್ತು. ಇಂಗ್ಲಿಷಿನ ‘ಸ್ವಿಲ್’ಗೆ ಕನ್ನಡದಲ್ಲಿ ಪದ ಹುಡುಕುವ ಕಷ್ಟವೇ ಇಲ್ಲ, ನಮ್ಮ ‘ಕಲಗಚ್ಚು’ ಅಚ್ಚುಕಟ್ಟಾಗಿ ಹೊಂದುತ್ತದೆ. ಅನುವಾದ ಮಾಡಿ ಬದುಕುವವರಿಗೆ ಇಂಥ ಸುಖ ಅಪರೂಪ.

ಎರಡನೇ ಮಹಾಯುದ್ಧದಲ್ಲಿ ಈ ಹಿತ್ತಿಲ ಹಂದಿಗೆ ಸರ್ಕಾರಿ ಮರ್ಯಾದೆಯೂ ಸಿಕ್ಕಿತು. ಬೇಕನ್ ರೇಷನ್ನಿಗೆ ಬಂದಿತ್ತು. ನೆರೆಹೊರೆಯವರು ಕಲಗಚ್ಚು ಕೂಡಿಹಾಕಿ ಹಂದಿ ಸಾಕುವ ‘ಪಿಗ್ ಕ್ಲಬ್’ಗಳು ಊರೂರಲ್ಲಿ ಹುಟ್ಟಿದವು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಪೊಲೀಸರೇ ಹಂದಿ ಸಾಕಿದರು. ಮಾಂಸದ ರೇಷನ್ ಮುಗಿದದ್ದು 1954ರಲ್ಲಿ. ಹೋವಿಟ್ ವರದಿ ಬಂದದ್ದು ಅದರ ಮರುವರ್ಷ.

ಈ ಹಳೆಯ ಹಂದಿಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಗ್ಲಾಸ್ಟರ್‌ಶೈರ್ ಓಲ್ಡ್ ಸ್ಪಾಟ್ಸ್. ಬಿಳಿ ಮೈಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಮಚ್ಚೆ, ಕಣ್ಣು ಮುಚ್ಚುವಷ್ಟು ಜೋಲುವ ಕಿವಿ. ಅದರ ಊರು ಚೀಸಿಗೂ ಸೇಬಿಗೂ ಹೆಸರಾದದ್ದು. ಚೀಸ್ ಮಾಡಿದ ಮೇಲೆ ಉಳಿಯುವ ತಿಳಿನೀರು ಕುಡಿದು, ತೋಟದಲ್ಲಿ ಉದುರಿದ ಸೇಬು ತಿಂದು ಬೆಳೆಯುತ್ತಿದ್ದ ಹಂದಿ ಇದು. ಸೇಬು ಬಿದ್ದು ಕಂದಿದ ಗುರುತುಗಳೇ ಅದರ ಮಚ್ಚೆಗಳೆಂದು ಅಲ್ಲಿನವರು ತಮಾಷೆಗೆ ಹೇಳುತ್ತಿದ್ದರು. ಬಯಲಿನಲ್ಲಿದ್ದು ಬಾಳಬಲ್ಲದು, ಸಾಧು, ಮರಿಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ. ಆದರೆ ನಿಧಾನವಾಗಿ ಬೆಳೆಯುತ್ತದೆ, ಕೊಬ್ಬು ಜಾಸ್ತಿ.

ಆ ಕೊಬ್ಬೇ ಮುಳುವಾಯಿತು. ಹೊಲದಲ್ಲಿ ದಿನವಿಡೀ ದುಡಿಯುವವನಿಗೆ ಬೇಕಾಗಿದ್ದ ಕೊಬ್ಬು ಅಂಗಡಿಯಲ್ಲಿ ಕೊಳ್ಳುವ ಪಟ್ಟಣದವರಿಗೆ ಬೇಡವಾಯಿತು. ಅತ್ತ ಡೆನ್ಮಾರ್ಕಿನವರು ಲ್ಯಾಂಡ್‌ರೇಸ್ ಹಂದಿಯಿಂದ ಒಂದೇ ಅಳತೆಯ, ಕೊಬ್ಬು ಕಡಿಮೆಯ ಬೇಕನ್ ತಯಾರಿಸಿ ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಬೇರೂರಿದ್ದರು. ಬ್ರಿಟನ್ 1949ರಲ್ಲಿ ಸ್ವೀಡನ್ನಿನಿಂದ ಲ್ಯಾಂಡ್‌ರೇಸ್ ತರಿಸಿಕೊಂಡಿತು. ಹಾಗಾಗಿ ಹೋವಿಟ್ ಸಮಿತಿಯನ್ನು ಖಳನಾಯಕನ ಜಾಗದಲ್ಲಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಹದಿನಾಲ್ಕು ವರ್ಷ ರೇಷನ್ ಚೀಟಿ ಹಿಡಿದು ನಿಂತಿದ್ದ ದೇಶ ಅಗ್ಗದ ಮಾಂಸ ಕೇಳಿದ್ದು ತಪ್ಪಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಉದುರಿದ ಸೇಬನ್ನು ಮಾಂಸ ಮಾಡುವ ಹಂದಿಗೆ ಆ ಲೆಕ್ಕದಲ್ಲಿ ಕಾಲಮ್ಮೇ ಇರಲಿಲ್ಲ.

ಬೇಗ ಬೆಳೆಯುವ ಬಿಳಿ ಹಂದಿಯ ಜೊತೆಗೆ ಶೆಡ್ಡೂ ಬಂತು. ಗಬ್ಬದ ಹಂದಿಯನ್ನು ಹಿಂದೆ ಮುಂದೆ ತಿರುಗಲಾಗದ ಕಬ್ಬಿಣದ ಕಟಕಟೆಯಲ್ಲಿ ನಿಲ್ಲಿಸುವ ಪದ್ಧತಿ ಹಬ್ಬಿತು. 1964ರಲ್ಲಿ ರೂತ್ ಹ್ಯಾರಿಸನ್ ‘ಅನಿಮಲ್ ಮಷೀನ್ಸ್’ ಬರೆದು ಇಂಥ ಶೆಡ್ಡುಗಳ ಒಳಗನ್ನು ಜನರಿಗೆ ತೋರಿಸಿದರು. ಮುಂದೆ ಎಡಿನ್‌ಬರೋದಲ್ಲಿ ಸ್ಟೋಲ್ಬಾ ಮತ್ತು ವುಡ್-ಗಷ್ ಎಂಬ ವಿಜ್ಞಾನಿಗಳು ಒಂದು ಸರಳ ಕೆಲಸ ಮಾಡಿದರು: ಮಾಮೂಲಿ ಸಾಕುಹಂದಿಗಳನ್ನು ಮರ, ಪೊದೆ, ಜೌಗು ಇರುವ ಬಯಲಿಗೆ ಬಿಟ್ಟು ನೋಡುತ್ತ ಕೂತರು. ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಅವು ಮೇಯುವುದರಲ್ಲಿ, ಮೂತಿಯಿಂದ ನೆಲ ಕೆದಕುವುದರಲ್ಲಿ ಕಳೆದವು. ಈಯುವ ಕಾಲಕ್ಕೆ ತಾಯಿಹಂದಿ ಗುಂಪು ಬಿಟ್ಟು ದೂರ ಹೋಗಿ, ಗುಂಡಿ ತೋಡಿ, ಹುಲ್ಲು ಕಡ್ಡಿ ಹೊತ್ತು ತಂದು ಗೂಡು ಕಟ್ಟಿತು. ಕಟಕಟೆಯೊಳಗಿನ ಹಂದಿಗೂ ಈ ಆಸೆ ಹೋಗಿರುವುದಿಲ್ಲ. ಹುಲ್ಲೇ ಇಲ್ಲದ ಸಿಮೆಂಟು ನೆಲವನ್ನು ಅದು ಕಾಲಿನಿಂದ ಕೆರೆಯುತ್ತದೆ. ಗಬ್ಬದ ಕಟಕಟೆಯನ್ನು ಬ್ರಿಟನ್ 1999ರಲ್ಲಿ ನಿಷೇಧಿಸಿತು.

ಅಷ್ಟರಲ್ಲಿ ಹೋದವು ಹೋಗಿದ್ದವು. ಕಂಬರ್‌ಲ್ಯಾಂಡ್ ಹಂದಿ 1960ರ ಹೊತ್ತಿಗೆ ಇಲ್ಲವಾಯಿತು. ಕಂಬರ್‌ಲ್ಯಾಂಡ್ ಸಾಸೇಜ್ ಮಾತ್ರ ಇಂದಿಗೂ ಅದರ ಊರಿನ ಹೆಸರಲ್ಲಿ ಮಾರಾಟವಾಗುತ್ತದೆ. ಕುರಿಯಂತೆ ಗುಂಗುರು ತುಪ್ಪಳವಿದ್ದ ಲಿಂಕನ್‌ಶೈರ್ ಕರ್ಲಿ ಕೋಟ್ 1970ರ ದಶಕದ ಆರಂಭದಲ್ಲಿ ಅಳಿಯಿತು. ಅದೇ ಹೊತ್ತಿಗೆ, 1971ರಲ್ಲಿ, ಜೋ ಹೆನ್ಸನ್ ಅಪರೂಪದ ತಳಿಗಳನ್ನು ಜನ ಬಂದು ನೋಡಲೆಂದು ಕಾಟ್ಸ್‌ವೋಲ್ಡ್ ಫಾರ್ಮ್ ಪಾರ್ಕ್ ತೆರೆದಿದ್ದರು. 1973ರಲ್ಲಿ ರೇರ್ ಬ್ರೀಡ್ಸ್ ಸರ್ವೈವಲ್ ಟ್ರಸ್ಟ್ ಹುಟ್ಟಿತು. ಗುಂಗುರು ಹಂದಿಯ ಪಾಲಿಗೆ ಸ್ವಲ್ಪ ತಡವಾಗಿತ್ತು.

ಉಳಿದ ತಳಿಗಳನ್ನು ಉಳಿಸಿಕೊಂಡವರು ಸಣ್ಣ ಹಿಡುವಳಿಯ ಸಂಸಾರಗಳು. ಹತ್ತಾರು ಹಂದಿ, ಒಂದಷ್ಟು ಹುಲ್ಲುಗಾವಲು, ಮಲಗಲು ತಗಡಿನ ಗುಡಿಸಲು, ಬೇಸಗೆಗೆ ಕೆಸರುಗುಂಡಿ. ನೆಲ ಕೆದಕಿ ಮುಗಿದ ಮೇಲೆ ಪಕ್ಕದ ತುಂಡಿಗೆ ಸಾಗಿಸುತ್ತಾರೆ. ಖರ್ಚು ಹೆಚ್ಚು, ಆದ್ದರಿಂದ ಮಾಂಸದ ಬೆಲೆಯೂ ಹೆಚ್ಚು. ತಿನ್ನುವವರು ಇರುವವರೆಗೆ ಮಾತ್ರ ಸಾಕುವವರು ಇರುತ್ತಾರೆ. ಸಸ್ಯಾಹಾರಿ ಓದುಗರಿಗೆ ಇದು ಒರಟಾಗಿ ಕಂಡೀತು, ಆದರೆ ಈ ತಳಿಗಳು ಬದುಕಿರುವುದು ಹಾಗೆಯೇ. ಬಡವನ ಹಂದಿ ಈಗ ಉಳ್ಳವರ ತಟ್ಟೆಯಲ್ಲಿದೆ ಎಂಬುದು ನನಗೆ ಇನ್ನೂ ಕಸಿವಿಸಿ ತರುವ ಸಂಗತಿ.

ಕಲಗಚ್ಚಿನ ಕತೆ ಬೇರೆಯೇ ದಾರಿ ಹಿಡಿಯಿತು. 2001ರಲ್ಲಿ ಕಾಲುಬಾಯಿ ಜ್ವರ ನಾರ್ಥಂಬರ್‌ಲ್ಯಾಂಡಿನ ಒಂದು ಹಂದಿ ಫಾರ್ಮಿನಿಂದ ಹರಡಿತು. ಸರಿಯಾಗಿ ಕುದಿಸದ ಕಲಗಚ್ಚೇ ಮೂಲವೆಂದು ತೀರ್ಮಾನಿಸಲಾಯಿತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಅದೇ ವರ್ಷ ಅಡುಗೆಮನೆಯ ಎಂಜಲನ್ನು ಹಂದಿಗೆ ಹಾಕುವುದು ಕಾನೂನಿನ ಪ್ರಕಾರ ಅಪರಾಧವಾಯಿತು. ಭಯಕ್ಕೆ ಕಾರಣವಿದೆ: 2020ರಲ್ಲಿ ಅಸ್ಸಾಮಿಗೆ ಬಂದ ಆಫ್ರಿಕನ್ ಹಂದಿ ಜ್ವರ ಹರಡುವ ದಾರಿಗಳಲ್ಲೂ ಎಂಜಲು ಒಂದು, ಅಲ್ಲಿ ಕಳೆದುಕೊಂಡವರೂ ಹಿತ್ತಿಲಲ್ಲಿ ನಾಲ್ಕು ಹಂದಿ ಸಾಕಿದವರೇ. ಕಾಬೆಟ್ ಹೇಳಿಕೊಟ್ಟಂಥ ಮನೆಹಂದಿಯನ್ನು ಇಂದು ಇಂಗ್ಲೆಂಡಿನಲ್ಲಿ ಯಾರಾದರೂ ಹಳೆಯ ಕ್ರಮದಲ್ಲೇ ಸಾಕಿದರೆ ದಂಡ ಕಟ್ಟಬೇಕು. ಮರದಿಂದ ಉದುರಿದ ಸೇಬಿಗೆ ಅಡ್ಡಿಯಿಲ್ಲ, ಅದು ಅಡುಗೆಮನೆ ಹೊಕ್ಕಿರಬಾರದು.

ಲಿಂಕನ್‌ಶೈರಿನ ಗುಂಗುರು ಹಂದಿಗಳಲ್ಲಿ ಕೆಲವು ಅಳಿಯುವ ಮೊದಲೇ ಹಂಗೇರಿಗೆ ಹೋಗಿದ್ದವು. ಅಲ್ಲಿನ ಗುಂಗುರು ತಳಿಯಾದ ಮಂಗಲಿತ್ಸಾದ ಜೊತೆ ಅವನ್ನು ಬೆರೆಸಿದ್ದರು. ಮಂಗಲಿತ್ಸಾ ಕೂಡ 1990ರ ದಶಕದ ಆರಂಭದಲ್ಲಿ ಅಳಿವಿನ ಅಂಚಿಗೆ ಬಂದಿತ್ತು. ಅದರ ಕೊಬ್ಬಿನ ಮಾಂಸವನ್ನು ಹ್ಯಾಮಿಗಾಗಿ ಹುಡುಕಿಕೊಂಡು ಸ್ಪೇನಿನ ಕಂಪನಿಯೊಂದು ಬಂದ ಮೇಲೆ ಚೇತರಿಸಿಕೊಂಡಿತು. 2006ರಲ್ಲಿ ಕೆಲವು ಮಂಗಲಿತ್ಸಾಗಳು ಬ್ರಿಟನ್ನಿಗೆ ಬಂದಿಳಿದವು. ಕರ್ಲಿ ಕೋಟ್ ಅಳಿದು ಆಗಲೇ ಮೂವತ್ತು ವರ್ಷ ದಾಟಿತ್ತು. ಪತ್ರಿಕೆಗಳಲ್ಲಿ ‘ಕುರಿಹಂದಿ’ಯ ಚಿತ್ರ ನೋಡಿದ ಹೊಸ ಕಾಲದ ಓದುಗರು ಇದೇನು ವಿಚಿತ್ರ ವಿದೇಶಿ ಪ್ರಾಣಿ ಎಂದು ಬೆರಗಾದರು.